ಅಳಿಯಂದಿರು ಹಿಟ್ಟು ಕೇಳಲು ಹೋದದ್ದು

ಇವತ್ತು ಮಾಡಿದ ಕೆಲಸಗಳು ಇಷ್ಟು. ಆರಕ್ಕೆ ನಳ ಬಂತು, ಎರಡು ಡ್ರಮ್ಮು ನಾಲ್ಕು ಕೊಡ ನೀರು ತುಂಬಿದೆ. ಅಂಗಳದ ಶಹಾಬಾದಿ ಕಲ್ಲು ತೊಳೆದೆ. ನಾಳೆಗೆ ಯೂನಿಫಾರ್ಮ್ ಇಸ್ತ್ರಿ ಮಾಡಿಟ್ಟೆ. ತೊಗರಿ ಬೇಳೆ ಆರಿಸಿದೆ, ಪುಂಡಿ ಸೊಪ್ಪು ಸೋಸಿದೆ. ಹಿತ್ತಲ ಒಲೆಗೆ ತೊಗರಿ ಕಟ್ಟಿಗೆ ಮುರಿದಿಟ್ಟೆ. ಮೂರು ಮನೆಯ ಬಟ್ಟಲು ತೊಳೆದು, ಖಾಲಿ ಕೊಡಬಾರದೆಂದು ಒಂದೊಂದರಲ್ಲಿ ಒಂದಿಷ್ಟು ಸಕ್ಕರೆ ಹಾಕಿ ಹಿಂದಿರುಗಿಸಿದೆ. ಆಮೇಲೆ, ನನ್ನ ಗಂಡ ಜೋಳದ ರೊಟ್ಟಿ ಬಡಿಯುವುದನ್ನು ಬಾಯಿ ಮುಚ್ಚಿಕೊಂಡು ನೋಡುತ್ತ ಕೂತೆ. ಎಲ್ಲಕ್ಕಿಂತ ಹೆಚ್ಚು ದಣಿವಾದದ್ದು ಈ ಕೊನೆಯ ಕೆಲಸದಿಂದ.

ಇವರು ಶ್ರೀಲಂಕಾದವರು. ಮಸ್ಕತ್ತಿನಲ್ಲಿ ನಾನು ದವಾಖಾನೆಯ ನರ್ಸು, ಇವರು ಪಕ್ಕದ ಹೋಟೆಲಿನಲ್ಲಿ ಬ್ರೆಡ್ಡು ಬನ್ನು ಮಾಡುವವರು. ರಾತ್ರಿ ಡ್ಯೂಟಿ ಮುಗಿಸಿ ಹೊರಬಿದ್ದಾಗ ಬಿಸಿ ಬನ್ನಿನ ವಾಸನೆ ಬರುತ್ತಿತ್ತು. ಮದುವೆಯ ಕಥೆ ಅಷ್ಟೇ. ಇಬ್ಬರಿಗೂ ನಲವತ್ತು ದಾಟಿತ್ತು. ನನಗೆ ಊರಿಗೆ ಮರಳುವ ಆಸೆ ಹೆಚ್ಚಾದಾಗ ಇವರೇ ಹೇಳಿದರು, "ನೀನು ಹದಿನಾಲ್ಕು ವರ್ಷ ಊರು ಬಿಟ್ಟು ಇದ್ದೆ. ಇನ್ನು ನನ್ನ ಸರದಿ." ಹಾಗೆ ಸೇಡಂಗೆ ಬಂದೆವು. ನನಗೆ ಚಿತ್ತಾಪುರದ ದವಾಖಾನೆಯಲ್ಲಿ ಕೆಲಸ ಸಿಕ್ಕಿತು. ಬೆಳಿಗ್ಗೆ ರೈಲಿಗೆ ಹೋಗಿ ಸಂಜೆ ಬರುತ್ತೇನೆ. ಇವರು ಮನೆಯಲ್ಲಿ.

ಇವರಿಗೆ ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ತೊಂದರೆ ಆದದ್ದೇ ಅದರಿಂದ. ನಾನು ಈ ಓಣಿಯಲ್ಲಿ ಹುಟ್ಟಿ ಬೆಳೆದವಳು, ಹಾಗಾಗಿ ಇವರು ಇಡೀ ಓಣಿಗೆ ಅಳಿಯ. ಎಲ್ಲಿಗೆ ಹೋದರೂ ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ಬರುತ್ತದೆ. ಯಾರೋ ಟವೆಲ್ಲಿನಿಂದ ಒರೆಸುತ್ತಾರೆ. "ಕುಂದ್ರಿ ಅಳಿಯಾರ." ಸಕ್ಕರೆ ಹೆಚ್ಚು ಹಾಕಿದ ಚಹಾ ಬರುತ್ತದೆ. ಅಷ್ಟು ಹೊತ್ತಿಗೆ ಅಲ್ಲಿ ನಡೆದಿದ್ದ ಮಾತು, ನಗು ಎಲ್ಲ ನಿಂತಿರುತ್ತದೆ. ಇವರು ಚಹಾ ಕುಡಿದು ಕಪ್ಪು ಇಟ್ಟು ಎದ್ದು ಬರುತ್ತಾರೆ. ಓಣಿಯ ತಿರುವಿಗೆ ಬರುವಷ್ಟರಲ್ಲಿ ಹಿಂದೆ ಮತ್ತೆ ನಗು ಶುರುವಾಗುತ್ತದೆ.

ಪಕ್ಕದ ಮನೆಯವರು ಗೋಡೆ ಕಟ್ಟುವಾಗ ಇವರು ಉಸುಕಿನ ಬುಟ್ಟಿಗೆ ಕೈ ಹಾಕಿದರು. ಮೂರು ಮಂದಿ ಓಡಿ ಬಂದು ಕಸಿದುಕೊಂಡರು. "ಬಿಡ್ರಿ ಅಳಿಯಾರ, ನಮ್ಮ ಮರ್ಯಾದಿ ಹೋಗ್ತದ." ಒಂದು ಸಲ ನನ್ನ ಅಣ್ಣ ಗೆಳೆಯರೊಂದಿಗೆ ಚಂದ್ರಂಪಳ್ಳಿ ಡ್ಯಾಮಿಗೆ ಊಟ ಕಟ್ಟಿಕೊಂಡು ಹೋಗುವ ಬದಲು ಅಲ್ಲೇ ಅಡುಗೆ ಮಾಡೋಣವೆಂದು ಪಾತ್ರೆ ಪಡಗ ಹೊತ್ತು ಹೋದ. ಇವರನ್ನೂ ಕರೆದೊಯ್ದ. ಗಿಡದ ಕೆಳಗೆ ಜಮಖಾನೆ ಹಾಸಿ ಇವರೊಬ್ಬರನ್ನೇ ಕೂರಿಸಿದರಂತೆ. ಇಪ್ಪತ್ತು ವರ್ಷ ಹೋಟೆಲಿನ ಅಡುಗೆಮನೆಯಲ್ಲಿ ಕಳೆದ ಮನುಷ್ಯ, ಎಂಟು ಜನ ಸೇರಿ ಅನ್ನ ಸೀಯಿಸುವುದನ್ನು ಜಮಖಾನೆಯ ಮೇಲೆ ಕೂತು ನೋಡಿ ಬಂದರು.

"ಹೆಂಗಿತ್ತು?" ಎಂದು ಕೇಳಿದೆ.

"ಜಮಖಾನೆ ಚಲೋ ಇತ್ತು," ಎಂದರು.

ಹೀಗೆ ಎರಡು ವರ್ಷ. ಈ ತಿಂಗಳ ಮೊದಲ ವಾರ ಇವರು ಉಳ್ಳಾಗಡ್ಡಿ ಹೆಚ್ಚುತ್ತ ಸುಮ್ಮನೆ ಹೇಳಿದರು: ಮಸ್ಕತ್ತಿನ ಹಳೆಯ ಹೋಟೆಲಿನಿಂದ ಫೋನು ಬಂದಿತ್ತು, ಇವರ ಊರಿನವನೇ ಒಬ್ಬ ಈಗ ಅಲ್ಲಿ ಅಡುಗೆಮನೆಗೆ ಹಿರಿಯ, ಜಾಗ ಖಾಲಿ ಇದೆ, ತಿಂಗಳ ಕೊನೆಯೊಳಗೆ ಬರುತ್ತೀಯೋ ಇಲ್ಲವೋ ಹೇಳು ಎಂದಿದ್ದಾನೆ. ನಮ್ಮಿಬ್ಬರ ನಡುವೆ ಇನ್ನೂ ಮಸ್ಕತ್ತಿನ ಹಿಂದಿಯೇ ಓಡುತ್ತದೆ. ಆ ಹಿಂದಿಯಲ್ಲಿ ಕೇಳಿದೆ, "ಹೋಗ್ತೀರೇನು?"

"ಗೊತ್ತಿಲ್ಲ. ಅಲ್ಲಿ ಬೆಳಗಾದರೆ ನಾಲ್ಕು ಮಂದಿ ನನ್ನನ್ನ ಬೈತಿದ್ರು. ನಾನೂ ಬೈತಿದ್ದೆ. ಇಲ್ಲಿ ಎಲ್ಲಾರೂ ನನಗೆ ಮರ್ಯಾದೆ ಕೊಡ್ತಾರೆ."

ನಾನು ಹೋಗಬೇಡಿ ಅನ್ನಲಿಲ್ಲ. ನನಗಾಗಿ ಒಮ್ಮೆ ಬಂದವರನ್ನು ನನಗಾಗಿ ಇರಿ ಎನ್ನುವುದು ಎಷ್ಟು ಸಲ ಸಾಧ್ಯ? ಹೋದರೆ ಒಂದೋ ನಾವು ಬೇರೆ ಬೇರೆ ಇರಬೇಕು, ಇಲ್ಲವೇ ನಾನು ಮತ್ತೆ ಪೆಟ್ಟಿಗೆ ಕಟ್ಟಬೇಕು. ರೈಲಿನಲ್ಲಿ ಕೂತಾಗೆಲ್ಲ ಅದೇ ಯೋಚನೆ.

ಅಷ್ಟರಲ್ಲಿ ಎದುರು ಮನೆಯ ಮಗಳ ಮದುವೆ ಗೊತ್ತಾಯಿತು. ವಾಡಿಯ ಹುಡುಗ. ನಮ್ಮ ಕಡೆ ಮದುವೆಗೆ ನೂರಾರು ಖಡಕ್ ರೊಟ್ಟಿ ಬೇಕು, ಒಂದೇ ಮನೆಯಲ್ಲಿ ಆಗುವ ಕೆಲಸವಲ್ಲ. ಹಾಗಾಗಿ ಮದುವೆ ಮನೆಯವರು ಜೋಳ ಬೀಸಿಸಿ, ಓಣಿಯ ಒಂದೊಂದು ಮನೆಗೆ ಐದೈದು ಸೇರು ಹಿಟ್ಟು ಮುಟ್ಟಿಸುತ್ತಾರೆ. ಅವರವರು ಬಡಿದು, ಒಣಗಿಸಿ, ಬಟ್ಟೆಯಲ್ಲಿ ಕಟ್ಟಿ ವಾಪಸು ಕೊಡುತ್ತಾರೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಹಿಟ್ಟು ಬಂತೆಂದರೆ ಅದು ತಮ್ಮವರ ಮನೆ ಎಂದು ಲೆಕ್ಕ.

ಬುಧವಾರ ಹಿಟ್ಟಿನ ಡಬ್ಬಿಗಳು ಓಣಿಯಲ್ಲಿ ಓಡಾಡಿದವು. ನಮ್ಮ ಬಾಗಿಲಿಗೆ ಬರಲಿಲ್ಲ. ಇವರು ಕಿಟಕಿಯಿಂದ ನೋಡಿದ್ದರು. ಸಂಜೆ ನಾನು ಬಂದ ಕೂಡಲೇ ಕೇಳಿದರು, "ಬಲಗಡೆ ಮನೆಗೆ ಬಂತು, ಎಡಗಡೆ ಮನೆಗೂ ಬಂತು. ನಮ್ಮದು ಯಾಕೆ ದಾಟಿದರು?" ನಾನು ರೂಢಿಯನ್ನು ತಿಳಿಸಿ ಹೇಳಿದೆ. ನಾನು ಡ್ಯೂಟಿಯವಳು, ನೀವು ಅಳಿಯ, ತ್ರಾಸು ಕೊಡಬಾರದೆಂದು ಬಿಟ್ಟಿರಬೇಕು ಎಂದೆ. ಇವರು ತಲೆಯಾಡಿಸಿದರು. ಆ ತಲೆಯಾಡಿಸಿದ ರೀತಿ ನೋಡಿ ನನಗೆ ಮಸ್ಕತ್ತಿನ ಫೋನಿನ ನೆನಪಾಯಿತು.

ಮರುದಿನ ಮಧ್ಯಾಹ್ನ ವಾರ್ಡಿನಲ್ಲಿದ್ದಾಗ ನನ್ನ ಅಣ್ಣನ ಹೆಂಡತಿ ಫೋನು ಮಾಡಿದಳು. ವೈನಿಯ ಮನೆ ನಮ್ಮ ಓಣಿಯ ಕೊನೆಗೇ.

"ಏನವಾ, ಮನ್ಯಾಗ ಹಿಟ್ಟಿಲ್ಲೇನು?"

"ಯಾಕ್ರಿ ವೈನಿ? ಡಬ್ಬಿ ತುಂಬ ಅದ."

"ಮತ್ತ ನಿನ್ನ ಗಂಡ ಖಾಲಿ ಡಬ್ಬಿ ಹಿಡಕೊಂಡು ಎದುರು ಮನಿಗಿ ಹಿಟ್ಟು ಕೇಳಾಕ ಹೋಗಿದ್ರಂತ. ಓಣಿ ತುಂಬ ಅದೇ ಮಾತು ನಡದದ. ನಮಗೊಂದು ಮಾತು ಹೇಳಬಾರದೇನು, ನಾವೇನು ಸತ್ತೀವೇನು?"

ನನ್ನ ಕೈಯಲ್ಲಿದ್ದ ಬಿಪಿ ಮಷೀನು ಹಾಗೇ ಉಳಿಯಿತು. ಆಗಿದ್ದೇನೆಂದರೆ, ಇವರು ನೇರ ಹೋಗಿ ಡಬ್ಬಿ ಚಾಚಿ, "ಹಿಟ್ಟು ಕೊಡ್ರಿ," ಎಂದಿದ್ದಾರೆ. ನಮ್ಮೂರಲ್ಲಿ ಮದುವೆ ಹಿಟ್ಟು ತಾನಾಗಿ ಬರಬೇಕು, ಕೇಳಿ ತರುವುದು ಕಂಡಿಲ್ಲ. ಖಾಲಿ ಡಬ್ಬಿ ಹಿಡಿದು ಹಿಟ್ಟು ಕೇಳಿದರೆ ಅದಕ್ಕೆ ಒಂದೇ ಅರ್ಥ. ಎದುರು ಮನೆಯ ಅಕ್ಕ, ಅಂದರೆ ಮದುಮಗಳ ತಾಯಿ, ಗಾಬರಿಯಾಗಿ, ಇವರನ್ನು ಕುರ್ಚಿಯಲ್ಲಿ ಕೂರಿಸಿ, ಚಹಾ ಕೊಟ್ಟು, ಡಬ್ಬಿಯಲ್ಲಿ ಹಿಟ್ಟಿನ ಜೊತೆ ಬೇಳೆ, ಬೆಲ್ಲ, ಒಂದು ಹಿಡಿ ಶೇಂಗಾ ಕೂಡ ತುಂಬಿ ಕಳಿಸಿದ್ದಳು.

ಸಂಜೆ ನಾನು ಮನೆ ಮುಟ್ಟುವ ಹೊತ್ತಿಗೆ ಕಟ್ಟೆಯ ಮೇಲೆ ಮೂರು ಬಟ್ಟಲು ಮುಚ್ಚಿಟ್ಟಿದ್ದವು. ಒಂದರಲ್ಲಿ ಅನ್ನ ಸಾರು, ಒಂದರಲ್ಲಿ ಬದನೆಕಾಯಿ ಪಲ್ಯ, ಒಂದರಲ್ಲಿ ಚಪಾತಿ. ಇವರು ಪಕ್ಕದಲ್ಲಿ ಕೂತು ಬಹಳ ಸಂತೋಷದಲ್ಲಿದ್ದರು. "ನೋಡು, ಮೂರು ಮನೆಯವರು ಬಂದರು. ಯಾರೂ ಮಾತಾಡಲಿಲ್ಲ. ಬಟ್ಟಲು ಇಟ್ಟು ನನ್ನನ್ನೇ ನೋಡಿ ಹೋದರು. ಒಬ್ಬರ ಕಣ್ಣಲ್ಲಿ ನೀರಿತ್ತು." ನಾನು ಮೆಟ್ಟಿಲ ಮೇಲೆ ಕೂತು ನಗಲಾರಂಭಿಸಿದವಳು ಬ್ಯಾಗು ಕೆಳಗಿಡಲೂ ಮರೆತೆ. ಬದನೆಕಾಯಿ ಪಲ್ಯ ಮಾತ್ರ ಚೆನ್ನಾಗಿತ್ತು.

ಆಮೇಲೆ ಎದುರು ಮನೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅಕ್ಕ ಮೊದಲು ನಂಬಲಿಲ್ಲ.

"ಖರೇ ಹೇಳು ತಂಗಿ. ಸಂಕೋಚ ಮಾಡಬ್ಯಾಡ."

"ಖರೇನ ಅಕ್ಕಾರ. ಅವರಿಗಿ ರೊಟ್ಟಿ ಬಡೀಬೇಕಾಗ್ಯದ. ಮದುವಿ ರೊಟ್ಟಿ."

"ಅಳಿಯಾರ ಕಡಿಂದ ರೊಟ್ಟಿ ಬಡಸಿದ್ರ ವಾಡಿ ಬೀಗರು ಏನಂತಾರ? ಮಂದಿ ನನ್ನ ಮಾರಿ ಮ್ಯಾಗ ನಗ್ತಾರ."

"ಅಕ್ಕಾರ, ಅವರು ಅಳಿಯ ಆಗಿ ಎರಡು ವರ್ಷ ಆಯ್ತು. ಇನ್ನರೆ ಮನಷ್ಯಾ ಆಗ್ಲಿ ಬಿಡ್ರಿ."

ನನ್ನ ದನಿಯಲ್ಲಿ ಏನು ಕೇಳಿಸಿತೋ, ಅಕ್ಕ ಒಳಗೆ ಹೋಗಿ ಎರಡು ಸೇರು ಅಳೆದು ತಂದಳು. "ಹಾಳಾದ್ರ ಹಾಳಾಗ್ಲಿ. ಮೊದಲು ಕೊಟ್ಟ ಬೆಲ್ಲ ಮಾತ್ರ ವಾಪಸ್ ಕೊಡು, ಹೋಳಿಗಿಗಿ ಬೇಕು."

ಇವತ್ತು ಭಾನುವಾರ. ಇವರು ನನಗಿಂತ ಮೊದಲೇ ಎದ್ದು ಹಿಟ್ಟು ಕಲಸಿದ್ದರು. ನಾನು ಹಿತ್ತಲಿಗೆ ಬಂದಾಗ ಹಿಟ್ಟು ಪರಾತದಲ್ಲಿ ಒದ್ದೆ ಬಟ್ಟೆ ಹೊದ್ದು ಮಲಗಿತ್ತು. ಬ್ರೆಡ್ಡಿನ ಹಿಟ್ಟಿಗೆ ಹಾಗೆ ಮಾಡಬೇಕು. ಗೋಧಿ ನೆನೆದಷ್ಟೂ ಜಿಗಿ ಬರುತ್ತದೆ. ಜೋಳಕ್ಕೆ ಆ ಗುಣವೇ ಇಲ್ಲ. ಕುದಿಯುವ ಎಸರು ಸುರಿದು, ಬೇಕಾದಷ್ಟೇ ನಾದಿ, ಆ ಕ್ಷಣವೇ ಬಡಿಯಬೇಕು. ಇಪ್ಪತ್ತು ವರ್ಷದ ವಿದ್ಯೆಯೇ ಇವರಿಗೆ ಅಡ್ಡ ಬಂದಿತ್ತು. ಹೇಳಿಬಿಡಲೇ ಎಂದು ನಾಲಿಗೆ ತುರಿಸಿತು, ಆದರೆ ಮನೆಯಲ್ಲಿ ಹೆಂಡತಿಯಿಂದ ಕಲಿಯುವುದಕ್ಕೆ ಇವರು ಡಬ್ಬಿ ಹಿಡಿದು ಓಣಿ ದಾಟಿರಲಿಲ್ಲ. ಸುಮ್ಮನೆ ಕೂತೆ.

ಮೊದಲನೆಯದು ಎತ್ತುವಾಗಲೇ ಮೂರು ತುಂಡಾಯಿತು. ಎರಡನೆಯದು ಹಂಚಿನ ಮೇಲೆ ಬಿದ್ದು ಒಡೆಯಿತು. ಮೂರನೆಯದರ ನಡುವೆ ತೂತು. ಹನ್ನೊಂದು ರೊಟ್ಟಿ ಹೀಗೇ ಹೋದವು. ಇವರ ಹಣೆಯ ಮೇಲೆ ಹಿಟ್ಟು, ಬೆವರು. ಕೈ ತಪ್ಪು ತಾಳದಲ್ಲಿ ಬೀಳುತ್ತಿತ್ತು. ಆ ಸಪ್ಪಳ ಮೂಲೆ ಮನೆಯ ಅವ್ವನಿಗೆ ಕೇಳಿಸಿತು. ಎಂಬತ್ತರ ಹತ್ತಿರದ ಮುದುಕಿ, ಓಣಿಯಲ್ಲಿ ಎಲ್ಲರಿಗೂ ಅವ್ವ. ಹಿತ್ತಲ ಬಾಗಿಲು ತಳ್ಳಿಕೊಂಡೇ ಬಂದಳು.

"ಯಾರ ಮನ್ಯಾಗ ರೊಟ್ಟಿ ಅಳಾಕತ್ತದ ಅಂತ ನೋಡಾಕ ಬಂದೆ."

ಇವರು ಎದ್ದು ಕುರ್ಚಿ ತರಲು ಹೊರಟರು. ಅವ್ವ ಅಷ್ಟರಲ್ಲಿ ನೆಲಕ್ಕೆ ಕೂತಾಗಿತ್ತು. ಒದ್ದೆ ಬಟ್ಟೆ ಎತ್ತಿ ನೋಡಿದಳು.

"ಏ ತಮ್ಮಾ, ಹಿಟ್ಟು ಮಲಗಿಸಿ ಜೋಗುಳ ಹಾಡಾಕತ್ತಿದ್ದೇನು? ಯಾವ ಶಾಣ್ಯಾ ಕಲಿಸ್ಯಾನ ನಿನಗ ಇದು?"

ಎರಡು ವರ್ಷದಲ್ಲಿ ನಮ್ಮೂರಿನಲ್ಲಿ ಇವರನ್ನು ಬೈದವರಲ್ಲಿ ಅವ್ವನೇ ಮೊದಲು. ಇವರು ನನ್ನ ಕಡೆ ನೋಡಿದರು, ಮುಖ ಅರಳಿತ್ತು.

"ತಪ್ಪಾಯ್ತ್ರಿ ಅವ್ವಾರ. ನೀರು ಎಷ್ಟು ಬೇಕ್ರಿ?"

"ನೀರಲ್ಲೋ, ಎಸರು. ಕುದೀಬೇಕು. ನಿನ್ನ ಹೆಣ್ತಿ ನೋಡು, ಬಾಯಾಗ ಅಡಿಕಿ ಇಟಕೊಂಡೋರ್ಹಂಗ ಕುಂತಾಳ. ಹೇಳಬಾರದೇನವಾ?"

"ನಾ ಹೇಳಿದ್ರ ಕೇಳ್ತಾರೇನ್ರಿ ಅವ್ವ," ಎಂದೆ. ಬೈಗುಳ ನನ್ನ ಪಾಲಿಗೂ ಬಂದದ್ದು ಹಿತವಾಗಿತ್ತು.

ಅವ್ವ ಕಲಿಸಿದಳು. ಅಂಗೈಯ ಬುಡದಿಂದ ನಾದುವುದು, ಬಡಿಯುವಾಗಲೇ ರೊಟ್ಟಿ ತಾನಾಗಿ ತಿರುಗುವಂತೆ ಬೆರಳು ಓರೆ ಮಾಡುವುದು. ತಪ್ಪಿದಾಗ ಮೊಣಕೈಗೆ ಒಂದು ಏಟು. ಸದ್ದು ಕೇಳಿ ಪಕ್ಕದ ಮನೆಯವರು ಬಂದರು, ವೈನಿ ಬಂದಳು. ಒಬ್ಬಳು ಒಲೆ ಊದಿದಳು, ಒಬ್ಬಳು ನಕ್ಕಳು. "ಇದು ರೊಟ್ಟಿ ಅಲ್ಲ, ಕಾಗಿಣಾ ಹೊಳಿ ಇದ್ದಂಗ ಅದ, ಎತ್ತ ಬೇಕಾದತ್ತ ತಿರಗ್ಯದ," ಎಂದು ವೈನಿ ಇವರದೊಂದು ಸೊಟ್ಟ ರೊಟ್ಟಿ ಎತ್ತಿ ತೋರಿಸಿದಳು. ಯಾರೂ ಮಾತು ನಿಲ್ಲಿಸಲಿಲ್ಲ. ಯಾವ ಮನೆಯ ಸೊಸೆ ಎಷ್ಟು ಉಪ್ಪು ಹಾಕುತ್ತಾಳೆ, ಚಿಂಚೋಳಿ ಬಸ್ಸಿನಲ್ಲಿ ಯಾರು ಯಾರ ಜೊತೆ ಜಗಳವಾಡಿದರು, ಎಲ್ಲ ಇವರ ಎದುರಿಗೇ ನಡೆಯಿತು. ಅರ್ಧ ಇವರಿಗೆ ತಿಳಿಯಲಿಲ್ಲ. ತಿಳಿದ ಅರ್ಧಕ್ಕೆ ಎಲ್ಲರಿಗಿಂತ ಸ್ವಲ್ಪ ತಡವಾಗಿ ನಕ್ಕರು.

ಮಧ್ಯಾಹ್ನದ ಹೊತ್ತಿಗೆ ಹದಿನಾಲ್ಕು ರೊಟ್ಟಿ ಗುಂಡಗೆ ಬಂದವು. ಎದುರು ಮನೆಯ ಅಕ್ಕ ಬಂದು ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡಳು.

"ಬೀಗರ ಮುಂದ ಇಡಾಕ ಬರಂಗಿಲ್ಲ," ಎಂದಳು. "ನಮ್ಮ ಮಂದಿ ತಿನ್ನಾಕ ನಡೀತದ. ಮದುವಿ ದಿನ ನಸುಕಿನ್ಯಾಗ ಬಂದು ಉಳ್ಳಾಗಡ್ಡಿ ಹೆಚ್ಚಿ ಕೊಡ್ರಿ. ಅದರೆ ಬರ್ತದೋ ಇಲ್ಲೋ?"

"ಬರ್ತದ್ರಿ," ಎಂದರು ಇವರು.

ಹೊರಡುವ ಮುನ್ನ ಅವ್ವ ಗೋಡೆ ಹಿಡಿದು ಎದ್ದು ನಿಂತು ಕೇಳಿದಳು, "ಚಿಂಚೋಳಿ ಮೊಮ್ಮಗಳು ಹಡದಾಳ, ಮುಂದಿನ ತಿಂಗಳ ತೊಟ್ಟಿಲ ಕಾರ್ಯ ಅದ. ನಿನಗ ಮೂರು ಸೇರು ಹಿಟ್ಟು ಕಳಸ್ತೀನಿ. ಊರಾಗ ಇರ್ತೀಯೋ, ಎಲ್ಲರೆ ಹೋಗ್ತೀಯೋ?"

ಅವಳಿಗೆ ಫೋನಿನ ವಿಷಯ ಏನೂ ಗೊತ್ತಿರಲಿಲ್ಲ. ನಾನು ಒಲೆಯ ಕೆಂಡ ಕೆದಕುತ್ತ ತಲೆ ತಗ್ಗಿಸಿದೆ.

"ಇರ್ತೀನ್ರಿ ಅವ್ವಾರ," ಎಂದರು. ಬೆರಳಿಗೆ ಅಂಟಿದ ಹಿಟ್ಟು ತಿಕ್ಕುತ್ತ, "ಹಿಟ್ಟು ಇನ್ನಾ ನುಣ್ಣಗ ಬೀಸಸ್ರಿ."

"ನೋಡ್ರೆವಾ, ಕೈಯಾಗಿನ ತಪ್ಪು ಬಿಟ್ಟು ಹಿಟ್ಟಿಗಿ ಹೆಸರಿಡ್ತಾನ," ಎಂದು ಅವ್ವ ಬಾಗಿಲು ದಾಟುವ ತನಕ ಗೊಣಗಿದಳು.

ಎಲ್ಲರೂ ಹೋದ ಮೇಲೆ ಇವರು ಕೈ ತೊಳೆದು, ಫೋನು ತೆಗೆದು, ಮಸ್ಕತ್ತಿನ ಗೆಳೆಯನಿಗೆ ತಮ್ಮ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿದರು. ಅದರಲ್ಲಿ ನನಗೆ ತಿಳಿದದ್ದು ರೊಟ್ಟಿ ಎಂಬ ಒಂದೇ ಮಾತು. ಆ ಕಡೆಯಿಂದ ಆತ ನಗುವುದು ನನಗೂ ಕೇಳಿಸಿತು.

"ಏನಂದಿರಿ?"

"ಬರೋದಿಲ್ಲ ಅಂದೆ. ಕಾರಣ ಹೇಳಿದೆ. ಅವನು ನಂಬಲಿಲ್ಲ."

ಸಂಜೆ, ಬೆಳಿಗ್ಗೆ ಒಡೆದಿದ್ದ ಹನ್ನೊಂದು ರೊಟ್ಟಿಯಲ್ಲಿ ಆರನ್ನು ಪುಂಡಿ ಪಲ್ಯ, ಶೇಂಗಾ ಹಿಂಡಿ, ಮೊಸರಿನ ಜೊತೆ ತಿಂದು ಮುಗಿಸಿದೆವು. ಉಳಿದವನ್ನು ನಾಳೆ ನನ್ನ ಡಬ್ಬಿಗೆ ಕಟ್ಟಬೇಕು. ಅಂಚು ದಪ್ಪ, ನಡುವೆ ಸ್ವಲ್ಪ ಹಸಿ, ಆದರೂ ಇಬ್ಬರೂ ಎರಡನೆಯ ಸಲ ಬಡಿಸಿಕೊಂಡೆವು. ಇವರ ಬೆರಳ ತುದಿಗಳು ಕೆಂಪಾಗಿದ್ದವು, ತುಪ್ಪ ಸವರಿದೆ. ಎಂಟೂವರೆ ಆಗುವ ಮೊದಲೇ, ಅಂಗೈ ಎರಡೂ ಮೇಲೆ ಮಾಡಿಕೊಂಡು, ಇವರು ನನಗಿಂತ ಮುಂಚೆ ಮಲಗಿದರು.