ಅಚ್ಚಿನಲ್ಲಿ ಬಿಟ್ಟ ಹೆಸರು

ಗಿರೀಶ, ಮಂಜುಳ,

ನೀವು ಇದನ್ನು ಓದುವಷ್ಟು ದೊಡ್ಡವರಾಗುವ ಹೊತ್ತಿಗೆ ನಾನು ಇರುತ್ತೇನೋ ಇಲ್ಲವೋ. ನಾನು ಹಳ್ಳಿಯ ಶಾಲೆಯಲ್ಲಿ ನಾಲ್ಕನೆಯ ತರಗತಿ ಓದಿದವಳು. ಎದುರಿಗೆ ಕೂತು ಹೇಳುವ ಧೈರ್ಯ ನನಗೆ ಯಾವತ್ತೂ ಬಂದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಮ್ಮನ ತಂದೆ ಅವಳ ಮದುವೆಗೆ ಮೊದಲೇ ತೀರಿಕೊಂಡರು ಎಂದು ನಿಮಗೆ ಹೇಳುತ್ತಾರೆ. ಅದು ನಿಜವಲ್ಲ. ಆ ಸುಳ್ಳು ನನ್ನ ಬಾಯಿಂದ ಬಂದದ್ದು. ಅವರು ತೀರಿಕೊಂಡು ಇನ್ನೂ ಮೂರು ತಿಂಗಳಾಗಿಲ್ಲ.

ನಿಮ್ಮ ತಾತ ರಾಜಾಜಿನಗರದ ಒಂದು ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದರು. ಸೀಸದ ಒಂದೊಂದು ಅಕ್ಷರವನ್ನೂ ಕಣ್ಣಿನಿಂದ ನೋಡದೆ ಬೆರಳಿನಿಂದಲೇ ಗುರುತಿಸಿ ಎತ್ತುತ್ತಿದ್ದರು. ಒಂದು ದಿನ ಊಟಕ್ಕೆ ಕೂತಾಗ ಅವರ ತಟ್ಟೆ ನೋಡಿದೆ. ಮುದ್ದೆಯ ಮೇಲೆ ರಕ್ತ.

"ರೀ, ಬೆರಳು ಕೊಯ್ದಿದೆ."

"ಹೌದಾ? ಎಲ್ಲಿ?" ಎಂದು ಅವರು ಎಡಗೈ ತಿರುಗಿಸಿ ನೋಡಿಕೊಂಡರು. ಕೊಯ್ದದ್ದು ಬಲಗೈ.

ಅದಕ್ಕೂ ಹಿಂದೆ ಬೆನ್ನಿನಲ್ಲಿ ಒಂದು ಬಿಳಿಚಿದ ಮಚ್ಚೆ ಇತ್ತು. ಚಿಬ್ಬು ಎಂದುಕೊಂಡು ತುಳಸಿ ರಸ ಹಚ್ಚುತ್ತಿದ್ದೆ. ಪ್ರೆಸ್ಸಿನಲ್ಲಿ ಮೊಳೆಗಳು ಕೈಯಿಂದ ಜಾರುತ್ತಿವೆ ಎಂದು ಮೇಸ್ತ್ರಿ ಬೈಯತೊಡಗಿದ ಮೇಲೆ ದೊಡ್ಡಾಸ್ಪತ್ರೆಗೆ ಹೋದೆವು. ಡಾಕ್ಟರು ಚಿಕ್ಕ ವಯಸ್ಸಿನವರು. ಕಣ್ಣು ಮುಚ್ಚಿಸಿ, ಸೂಜಿ ಹಿಡಿದು, "ಚುಚ್ಚಿದಾಗ ಹೇಳಿ ಯಜಮಾನ್ರೇ" ಎಂದರು.

ನಿಮ್ಮ ತಾತ ಕಣ್ಣು ಮುಚ್ಚಿ ಕೂತೇ ಇದ್ದರು. ಸ್ವಲ್ಪ ಹೊತ್ತಾದ ಮೇಲೆ, "ಚುಚ್ಚಿ ಸಾರ್, ಕಾಯ್ತಾ ಇದೀನಿ" ಎಂದರು.

ಡಾಕ್ಟರು ಅಷ್ಟು ಹೊತ್ತಿಗೆ ನಾಲ್ಕು ಸಲ ಚುಚ್ಚಿಯಾಗಿತ್ತು.

ಲೆಪ್ರಸಿ ಎಂದರು. ನಮ್ಮ ಕಡೆ ಅದಕ್ಕೆ ದೊಡ್ಡರೋಗ ಎನ್ನುತ್ತಾರೆ, ಅದನ್ನೂ ಮೆಲ್ಲಗೆ. ಡ್ಯಾಪ್ಸೋನ್ ಮಾತ್ರೆ ಇದೆ, ಮನೆಯಲ್ಲೇ ಇದ್ದು ತಗೊಳ್ಳಬಹುದು ಎಂದೂ ಡಾಕ್ಟರು ಹೇಳಿದರು. ಆ ಮಾತು ನನ್ನ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ವಠಾರದಲ್ಲಿ ಎಂಟು ಮನೆ, ಒಂದೇ ನಲ್ಲಿ. ನಿಮ್ಮ ಅಮ್ಮ ಅನ್ನಪೂರ್ಣಳಿಗೆ ಗಂಡು ನೋಡುತ್ತಿದ್ದೆವು.

ನನ್ನ ಅಣ್ಣ ಊರಿಂದ ಬಂದ. ಕೆಂಗೇರಿಯಿಂದಾಚೆ ಈ ರೋಗದವರಿಗೆಂದೇ ಬ್ರಿಟಿಷರ ಕಾಲದ ಒಂದು ಅಸೈಲಂ ಇದೆ ಎಂದು ವಿಚಾರಿಸಿ ಬಂದು ಭಾವನನ್ನು ತಾನೇ ಕರೆದುಕೊಂಡು ಹೋಗಿ ಸೇರಿಸಿದ. ಅವರ ಹಾಸಿಗೆ, ಬಟ್ಟೆ ಸುಟ್ಟೆವು. ಗೋಡೆಯ ಮೇಲೆ ನಮ್ಮಿಬ್ಬರ ಒಂದು ಫೋಟೊ ಇತ್ತು. ಪ್ರತಿ ಸೋಮವಾರ ಅದನ್ನು ಒರೆಸುತ್ತಿದ್ದವರು ಅವರೇ. ಅವರ ಬೆರಳು ತಾಗಿದ್ದೆಂದು ಅದನ್ನೂ ಒಲೆಗೆ ಹಾಕಿದೆ. ಅಲ್ಲಿಂದ ಅವರ ಕಾಗದ ಬಂದರೆ ನೆಲದ ಮೇಲೆ ಹರಡಿ, ಕೋಲಿನಿಂದ ಒತ್ತಿ ಹಿಡಿದು, ದೂರದಿಂದಲೇ ಓದಿ, ಇಕ್ಕಳದಲ್ಲಿ ಎತ್ತಿ ಒಲೆಗೆ ಹಾಕುತ್ತಿದ್ದೆ. ಎಷ್ಟು ಕಾಗದ ಹಾಗೆ ಹೋದವೋ.

ನಾವು ಕಾಮಾಕ್ಷಿಪಾಳ್ಯಕ್ಕೆ ಮನೆ ಬದಲಾಯಿಸಿದೆವು. ವಿಜಯನಗರದಿಂದ ನಿಮ್ಮ ಅಪ್ಪನ ಮನೆಯವರು ಹೆಣ್ಣು ನೋಡಲು ಬರುವ ಹಿಂದಿನ ದಿನ ಅಣ್ಣ ಹೇಳಿದ:

"ತೀರಿಕೊಂಡ್ರು ಅಂದ್ಬಿಡು. ಇಲ್ಲಿ ನಿಮ್ಮನ್ನ ಯಾರು ಬಲ್ಲರು?"

"ಬದುಕಿರೋರನ್ನ ಹೆಂಗಣ್ಣ ಹಂಗನ್ನೋದು?"

"ಬದುಕಿದಾರೆ ಅಂದ್ರೆ ಎಲ್ಲಿದಾರೆ ಅಂತಾರೆ. ಏನಂತೀಯ?"

ಬಚ್ಚಲಿಗೆ ಹೋಗಿ ಬಳೆ ಒಡೆದೆ. ತಾಳಿ ಬಿಚ್ಚಿ ಅಕ್ಕಿ ಡಬ್ಬದಲ್ಲಿ ಹುದುಗಿಸಿಟ್ಟೆ. ಕುಂಕುಮ ಒರೆಸಿಕೊಂಡೆ. ಅನ್ನಪೂರ್ಣ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಗಂಡ ಇರುವಾಗಲೇ ವಿಧವೆಯಾದೆ.

ತಿಂಗಳಿಗೊಂದು ಭಾನುವಾರ ಅವರನ್ನು ನೋಡಲು ಹೋಗುತ್ತಿದ್ದೆ. ಅಕ್ಕಪಕ್ಕದವರಿಗೆ ತಂಗಿಯ ಮನೆಗೆ ಎನ್ನುತ್ತಿದ್ದೆ. ಬಸ್ಸಿಳಿದು ನಡೆದರೆ ದಾರಿಯಲ್ಲಿ ಒಂದು ಹೊಂಗೆಮರ. ಅದರ ಮರೆಗೆ ನಿಂತು ತಾಳಿ ಹಾಕಿಕೊಂಡು, ಪೊಟ್ಟಣದಲ್ಲಿದ್ದ ಕುಂಕುಮ ಇಟ್ಟುಕೊಳ್ಳುತ್ತಿದ್ದೆ. ಬರುವಾಗ ಅದೇ ಮರದ ಕೆಳಗೆ ಒರೆಸಿಕೊಳ್ಳುತ್ತಿದ್ದೆ. ಆದರೆ ಬಳೆ ಹಾಗೆ ಹಾಕಿ ತೆಗೆಯುವಂಥದ್ದಲ್ಲ. ಮೊದಲ ಸಲವೇ ಅವರು ನನ್ನ ಕೈ ನೋಡಿದರು.

"ಬಳೆ ಎಲ್ಲೇ?"

ಹೇಳಿದೆ. ತಲೆ ಎತ್ತದೆ ಎಲ್ಲವನ್ನೂ ಹೇಳಿದೆ.

"ಆಗ್ಲಿ ಬಿಡು ಕಣೇ, ಹುಡುಗಿ ಮದುವೆ ಆಗ್ಲಿ. ನಾನು ಸತ್ತಿದ್ದಕ್ಕೆ ಯಾರಾದ್ರೂ ಅತ್ರಾ?"

ನಗುತ್ತಲೇ ಕೇಳಿದರು. ನಾನು ಅಳುವುದನ್ನು ಅವರು ನೋಡಿದ್ದು ಅದೊಂದೇ ಸಲ.

ಆ ಜಾಗವನ್ನು ನಿಮಗೆ ಹೇಳಬೇಕು. ಉದ್ದನೆಯ ಹೆಂಚಿನ ವಾರ್ಡು, ಗಂಡಸರಿಗೊಂದು, ಹೆಂಗಸರಿಗೊಂದು, ನಡುವೆ ಗೋಡೆ. ಪ್ರತಿ ಮಂಚದ ತಲೆಯ ಕಡೆ ಒಂದು ತಗಡು, ಅದರ ಮೇಲೆ ಇಂಗ್ಲಿಷಿನಲ್ಲಿ ಹೆಸರು. ಅದು ಮಲಗಿದವರ ಹೆಸರಲ್ಲ, ಮಂಚಕ್ಕೆ ಹಣ ಕೊಟ್ಟವರದು. ಮಲಗಿದವರ ಹೆಸರು ಎಲ್ಲೂ ಇರಲಿಲ್ಲ. ಪಕ್ಕದ ಮಂಚದ ಸುಬ್ಬಣ್ಣ ಬ್ರಿಟಿಷರ ಕಾಲದಲ್ಲೇ ಹುಡುಗನಾಗಿ ಸೇರಿದವರು. ಆಗ ಸರ್ಕಾರ ಅಷ್ಟಿಷ್ಟು ಕೊಡುತ್ತಿತ್ತಂತೆ, ಉಳಿದ ಹಣ ಹೊರದೇಶದಿಂದ ಹಡಗಿನಲ್ಲಿ ಬರಬೇಕು. ವರ್ಷಕ್ಕೊಮ್ಮೆ ದೊರೆಸಾನಿ ಎಲ್ಲರನ್ನೂ ಸಾಲಾಗಿ ಕೂರಿಸಿ, ಕೈ ಮುಂದೆ ಚಾಚಿಸಿ, ಫೋಟೊ ತೆಗೆಸಿ ತಮ್ಮ ದೇಶಕ್ಕೆ ಕಳಿಸುತ್ತಿದ್ದರಂತೆ.

"ನಮ್ಮ ಕೈ ನೋಡಿದ್ರೇನೇ ತಾಯಿ, ಅವರ ಕೈ ಜೇಬಿಗೆ ಹೋಗೋದು" ಎನ್ನುತ್ತಿದ್ದರು ಸುಬ್ಬಣ್ಣ.

ನಿಮ್ಮ ತಾತನ ಮಂಚದ ಮೇಲಿದ್ದದ್ದು ಒಬ್ಬ ಹುಡುಗನ ಹೆಸರು. ಸತ್ತ ಮಗನ ನೆನಪಿಗೆ ಯಾವಳೋ ತಾಯಿ ಕೊಟ್ಟದ್ದಂತೆ. ಆ ಹೆಸರಿನ ಕೆಳಗೆ ನಿಮ್ಮ ತಾತ ಆರು ವರ್ಷ ಮಲಗಿದರು.

ನಾಲ್ಕನೆಯ ವರ್ಷ ಡಾಕ್ಟರು ನನ್ನನ್ನು ಕರೆಸಿದರು.

"ರಿಪೋರ್ಟ್ ನೆಗೆಟಿವ್ ಬಂದಿದೆ ಅಮ್ಮ. ಇವರಿಂದ ಯಾರಿಗೂ ಅಂಟಲ್ಲ. ಮನೆಗೆ ಕರ್ಕೊಂಡ್ಹೋಗಿ. ಹೊರಗಿಂದ ಬರೋ ಹಣ ಕಮ್ಮಿ ಆಗಿದೆ, ನಾವೂ ಬೆಡ್ ಕಮ್ಮಿ ಮಾಡ್ಬೇಕು."

ಇಂಥ ಮಾತು ಕೇಳಲೆಂದೇ ಅಲ್ಲವೆ ನಾನು ನಾಲ್ಕು ವರ್ಷ ಸೋಮವಾರದ ಉಪವಾಸ ಹಿಡಿದದ್ದು? ಆದರೆ ಮಂಜುಳ, ಆಗ ನೀನು ನಿಮ್ಮಮ್ಮನ ಹೊಟ್ಟೆಯಲ್ಲಿದ್ದೆ. ಗಿರೀಶ ಇನ್ನೂ ಅಂಬೆಗಾಲಿಡುತ್ತಿದ್ದ. ನಿಮ್ಮ ಅಜ್ಜಿ, ಅಪ್ಪನ ತಾಯಿ, ಹಬ್ಬಕ್ಕೆ ನನ್ನನ್ನು ಕರೆದರೆ ಅರಿಶಿನ ಕುಂಕುಮದ ತಟ್ಟೆಯನ್ನು ನನ್ನ ಮುಂದೆ ನಿಲ್ಲಿಸದೆ ದಾಟಿಸುತ್ತಿದ್ದರು. ಆ ಮನೆಗೆ ಸತ್ತ ಬೀಗರನ್ನು ಎಲ್ಲಿಂದ ಕರೆದುಕೊಂಡು ಹೋಗಲಿ? ನಾನು ನೆಲ ನೋಡುತ್ತಾ ನಿಂತೆ. ಹೂಂ ಎನ್ನಲಿಲ್ಲ. ಉಹೂಂ ಎನ್ನುವ ಧೈರ್ಯವೂ ಇರಲಿಲ್ಲ.

"ಅವಳನ್ನ ಕೇಳ್ಬೇಡಿ ಸಾರ್" ಎಂದರು ನಿಮ್ಮ ತಾತ. "ನಾನು ಇಲ್ಲೇ ಇರ್ತೀನಿ."

ಮ್ಯಾನೇಜರು ಆಗ ಸಹಾಯ ಕೇಳಿ ಊರವರಿಗೆ, ಹೊರದೇಶಕ್ಕೆ ಕಳಿಸಲು ಒಂದು ಕರಪತ್ರ ಮಾಡಿಸುತ್ತಿದ್ದರು. ಫೋಟೊಗೆ ಕೂರಲು ಯಾರೂ ಒಪ್ಪಿರಲಿಲ್ಲ. ನಿಮ್ಮ ತಾತ ತಾವಾಗಿಯೇ ಹೋಗಿ ಕೂತರು. ಹಾಗಾದರೂ ತಮ್ಮ ಮಂಚ ಉಳಿದೀತು ಎಂದು. ಮೊಳೆ ಹೆಕ್ಕುತ್ತಿದ್ದ ಆ ಬೆರಳುಗಳು ಒಳಕ್ಕೆ ಮಡಚಿಕೊಂಡಿದ್ದವು. ಅವನ್ನು ಮೊಣಕಾಲ ಮೇಲಿಟ್ಟು ಕೂತರು.

"ಹೆಸರು, ಊರು ಹಾಕೋಣ ಯಜಮಾನ್ರೇ. ಹೆಸರಿದ್ರೆ ಜನ ನಂಬ್ತಾರೆ" ಎಂದರಂತೆ ಮ್ಯಾನೇಜರು.

"ಹೆಸರು ಬೇಡ ಸಾರ್. ನಾನು ಸತ್ತು ನಾಲ್ಕು ವರ್ಷ ಆಯ್ತು."

ಅಚ್ಚಾಗಿ ಬಂದಾಗ ನನಗೊಂದು ಪ್ರತಿ ಕೊಟ್ಟರು. ಚಿತ್ರದ ಕೆಳಗೆ 'ಒಬ್ಬ ರೋಗಿ' ಎಂದಿತ್ತು. ನಾನು ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದರೆ ಅವರು ಬೇರೆಯೇ ನೋಡುತ್ತಿದ್ದರು. "ಎರಡನೇ ಸಾಲಲ್ಲಿ ಒಂದು ಮೊಳೆ ತಲೆಕೆಳಗಾಗಿದೆ ನೋಡು. ಯಾರು ಕಂಪೋಸ್ ಮಾಡಿದ್ನೋ" ಎಂದರು.

ಆ ಕರಪತ್ರವನ್ನು ನಾನು ಸುಡಲಿಲ್ಲ.

ಮಂಚ ಉಳಿಯಿತು. ಎರಡು ವರ್ಷ. ಆಮೇಲೆ ಅಂಗಾಲಿನಲ್ಲಿ ಹುಣ್ಣಾಯಿತು. ನೋವಿಲ್ಲದ್ದರಿಂದ ಅದರ ಮೇಲೇ ಓಡಾಡಿದ್ದಾರೆ. ಸೆಪ್ಟಿಕ್ ಆಗಿ ಜ್ವರ ಏರಿತು. ನನಗೆ ಸುದ್ದಿ ಕಳಿಸಲು ಅವರ ಹತ್ತಿರ ಹೊಸ ಮನೆಯ ವಿಳಾಸ ಇರಲಿಲ್ಲ. ನಿಮ್ಮ ಅಪ್ಪನ ಮನೆಯವರಿಗೆ ತಿಳಿಯಬಾರದೆಂದು ನಾನೇ ಕೊಟ್ಟಿರಲಿಲ್ಲ.

ಭಾನುವಾರ ಎಂದಿನಂತೆ ಹೋದೆ. ಹೊಂಗೆಮರದ ಕೆಳಗೆ ತಾಳಿ ಹಾಕಿಕೊಂಡೆ, ಕುಂಕುಮ ಇಟ್ಟುಕೊಂಡೆ. ಅವರಿಗೆ ಇಷ್ಟವೆಂದು ಚಟ್ನಿಪುಡಿ ಒಯ್ದಿದ್ದೆ. ಸುಬ್ಬಣ್ಣ ಗೇಟಿನ ಹತ್ತಿರವೇ ಕೂತಿದ್ದರು. ನನ್ನ ಹಣೆ ನೋಡಿದರು.

"ಶುಕ್ರವಾರಾನೇ ಹೋದ್ರು ತಾಯಿ."

ಹಿಂದಿನ ಬಯಲಲ್ಲಿ ಮಣ್ಣು ಮಾಡಿದ್ದರು. ಮಣ್ಣು ಇನ್ನೂ ಹಸಿಯಾಗಿತ್ತು. ಹಣೆಯದನ್ನು ಒರೆಸಿಕೊಂಡು, ಪೊಟ್ಟಣದಲ್ಲಿ ಉಳಿದ ಕುಂಕುಮವನ್ನು ಅಲ್ಲೇ ಚೆಲ್ಲಿದೆ. ಮನೆಗೆ ಬಂದ ಮೇಲೆ ಒರೆಸಿಕೊಳ್ಳಲು ಏನೂ ಇರಲಿಲ್ಲ, ಒಡೆಯಲು ಬಳೆ ಇರಲಿಲ್ಲ. ಮರುದಿನ ನಿಮ್ಮ ಮನೆಯಲ್ಲಿ ಗಿರೀಶನ ಹುಟ್ಟುಹಬ್ಬದ ಪಾಯಸ. ಅನ್ನಪೂರ್ಣ ನನ್ನ ಮುಖ ನೋಡಿ ತಿಳಿದುಕೊಂಡಳು. ಅಡಿಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತು ಪಾಯಸ ಕಲಕುತ್ತಲೇ ಇದ್ದಳು.

ಅವಳ ಮೇಲೆ ಕೋಪ ಮಾಡಬೇಡಿ. ನಿಮ್ಮ ಅಪ್ಪನ ಮನೆಯವರ ಮೇಲೂ ಬೇಡ. ಅವರಿಗೆ ಸತ್ಯ ಹೇಳಿ ನೋಡಿದವರೇ ಇಲ್ಲ. ಹೇಳಿದ್ದರೆ ಏನೆನ್ನುತ್ತಿದ್ದರೋ, ಅದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಆ ಪರದೇಶದ ತಾಯಿಯನ್ನು ಮಾತ್ರ ಕೆಲವು ಸಲ ನೆನೆಯುತ್ತೇನೆ. ತನ್ನ ಮಗನ ಹೆಸರಿನಲ್ಲಿ ಅವಳು ಕೊಟ್ಟ ಮಂಚ ನನ್ನ ಗಂಡನಿಗೆ ಜಾಗ ಕೊಟ್ಟಿತು. ನಾನು ಕೊಡಲಿಲ್ಲ.

ಕರಪತ್ರ ಈ ಹಾಳೆಗಳ ಜೊತೆಗಿದೆ. ನಿಮ್ಮ ತಾತನದು ಉಳಿದಿರುವುದು ಅದೊಂದೇ ಚಿತ್ರ. ಕೈ ನೋಡಿದ ಮೇಲೆ ಮುಖವನ್ನೂ ನೋಡಿ, ಗಿರೀಶನ ಹುಬ್ಬು ಅವರದೇ. 'ಒಬ್ಬ ರೋಗಿ' ಎಂದಿದ್ದುದನ್ನು ಹೊಡೆದು ಹಾಕಿ ಪೆನ್ನಿನಲ್ಲಿ ಗಂಗಾಧರಯ್ಯ ಎಂದು ಬರೆದಿದ್ದೇನೆ. ಗಂಡನ ಹೆಸರನ್ನು ನಾನು ಬರೆದದ್ದು ಇದೇ ಮೊದಲು.

ಇವನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಒಲೆಗೆ ಹಾಕಬೇಡಿ. ದೂರ ಇಟ್ಟು ಓದಬೇಡಿ, ಕೈಯಲ್ಲಿ ಹಿಡಿದೇ ಓದಿ. ಕಾಗದದಿಂದ ಏನೂ ಅಂಟುವುದಿಲ್ಲ ಮಕ್ಕಳೇ.