ನವಿಲು ಕರೆಯುವ ತುಕ್ರಪ್ಪನ ಗದ್ದೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗುಡ್ಡದ ನೆತ್ತಿಯ ಬಯಲಾದ ಕುಂಟಾಲಪದವಿನ ಕೆಂಪು ಮುರಕಲ್ಲ ಹಾಸಿನ ಮೇಲೆ ರಾತ್ರಿ ಸುರಿದ ಮಳೆ ಹೊಂಡ ಹೊಂಡವಾಗಿ ನಿಂತಿದೆ. ಪ್ಲಾಸ್ಟಿಕ್ ಕೊಪ್ಪೆ ಹೊದ್ದ ತುಕ್ರಪ್ಪ ಗುಡ್ಡ ಹತ್ತಿ ಬಂದು, ನೀರಿಲ್ಲದ ಜಾಗ ಹುಡುಕಿ, ಎಣ್ಣೆಯ ಹಳೇ ಡಬ್ಬದಿಂದ ಭತ್ತ ತೆಗೆದು ಎರಚುತ್ತಾರೆ. ಆಮೇಲೆ ಡಬ್ಬದ ಬೆನ್ನಿಗೆ ಕೋಲಿನಿಂದ ಬಡಿಯುತ್ತಾರೆ. ಡಣ್, ಡಣ್, ಡಣ್. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಕೇಪಳದ ಪೊದೆಯಿಂದ ಒಂದು ನೀಲಿ ಕತ್ತು ಹೊರಗೆ ಬರುತ್ತದೆ. ಅದರ ಹಿಂದೆ ಇನ್ನೊಂದು. ನೋಡುತ್ತಿದ್ದ ಹಾಗೆ ಪದವಿನ ನಾಲ್ಕೂ ಕಡೆಯಿಂದ, ಬಾಗಿಲು ತೆಗೆದ ರೇಷನ್ ಅಂಗಡಿಗೆ ಜನ ಬಂದ ಹಾಗೆ, ನವಿಲುಗಳು ಬರುತ್ತವೆ.

ಕೆಳಗೆ ಜೀಪಿನ ಗೇರು ಬದಲಾದ ಸದ್ದು ಕೇಳಿದ್ದೇ ತಡ, ತುಕ್ರಪ್ಪ ಡಬ್ಬ ಎತ್ತಿಕೊಂಡು ಬಂಡೆಯ ಹಿಂದೆ ಕುಕ್ಕರುಗಾಲಲ್ಲಿ ಕೂರುತ್ತಾರೆ. ಅವರು ಯಾರ ಕಣ್ಣಿಗೂ ಬೀಳಬಾರದು. ಅವರ ಕೆಲಸದ ಮೊದಲ ಷರತ್ತೇ ಅದು. ಕೆಸರು ಹಾರಿಸುತ್ತ ಜೀಪು ಮೇಲೆ ಬಂದು ನಿಲ್ಲುತ್ತದೆ. ಪ್ರವಾಸಿಗರು ಉಸಿರು ಹಿಡಿದು ಮೊಬೈಲು ಎತ್ತುತ್ತಾರೆ. ಗೈಡ್ ತರುಣ್ ದನಿ ತಗ್ಗಿಸಿ, ಇದು ಸಾವಿರಾರು ವರ್ಷಗಳಿಂದ ನವಿಲುಗಳ ಸಹಜ ತಾಣ, ಮುಂಗಾರಿನ ಮೊದಲ ಮಳೆಗೆ ಅವು ತಾವಾಗಿಯೇ ಇಲ್ಲಿಗೆ ಕುಣಿಯಲು ಬರುತ್ತವೆ, ನಮ್ಮ ಅದೃಷ್ಟ ಚೆನ್ನಾಗಿದೆ ಎನ್ನುತ್ತಾನೆ. ಅದೃಷ್ಟ ಬಂಡೆಯ ಹಿಂದೆ ಮಂಡಿನೋವು ತಡೆದುಕೊಂಡು ಕೂತಿದೆ.

ವಾಮದಪದವಿನಿಂದ ಪುಂಜಾಲಕಟ್ಟೆಯ ಕಡೆಗೆ ಹೋಗುವಾಗ ಎಡಕ್ಕೆ ಸಿಗುವ ಗುಡ್ಡಸಾಲಿನಲ್ಲಿ ಈ 'ಜೀಪ್ ಸಫಾರಿ' ನಡೆಯುತ್ತದೆ. ಮೂಡುಬಿದಿರೆಯ ಬಸದಿಗಳನ್ನು ನೋಡಿದವರು ಸಂಜೆ ಬಂದು ತೋಟದ ಮನೆಯಲ್ಲಿ ಉಳಿಯುತ್ತಾರೆ. ಬೆಳಗ್ಗೆ ಎದ್ದು ರಬ್ಬರ್ ಗುಡ್ಡ, ನವಿಲು, ಕಲ್ಲಿನಲ್ಲಿ ಕೊರೆದ ಹಳೇ ಕಾಲದ ಗುಹೆ, ಕೊನೆಗೆ ನೀರುದೋಸೆ. ಜಾಗ ಊರಿನ ಜಮೀನುದಾರ ಶೋಧನ್ ಧನಿಗಳದ್ದು. ದುಬೈಯಲ್ಲಿ ಹೋಟೆಲು ನಡೆಸಿ ಬಂದವರು, ಮಾತು ಮೆತ್ತಗೆ. ಗೈಡ್ ತರುಣ್ ಧನಿಗಳ ಅಕ್ಕನ ಮಗ. ಅವರ ಜಾಹೀರಾತಿನಲ್ಲಿ ಜೀಪಿದೆ, ನವಿಲಿದೆ, ನೀರುದೋಸೆಯೂ ಇದೆ. ಅರವತ್ತು ದಾಟಿದ ತುಕ್ರಪ್ಪ ಇಲ್ಲ.

ಈ ಗುಡ್ಡದ ಫೋಟೋವನ್ನು ನಮ್ಮಲ್ಲಿ ಎಷ್ಟು ಜನ ಸ್ಟೇಟಸ್ಸಿಗೆ ಹಾಕಿದ್ದೇವೋ ಲೆಕ್ಕವಿಲ್ಲ. ಹಾಕಿದವರು ಈ ಮುಂಗಾರಿನ ಶುರುವಿನಲ್ಲಿ ಒಮ್ಮೆ ಜೀಪು ಇಳಿದು, ಅದೇ ಹೊತ್ತಿಗೆ ಗುಡ್ಡದ ಬುಡಕ್ಕೆ ಹೋಗಿ ನೋಡಬೇಕಿತ್ತು.

ಅಲ್ಲಿ ತುಕ್ರಪ್ಪನವರ ಒಂದೇ ಒಂದು ಗದ್ದೆ ಇದೆ. ಆಗ ಗದ್ದೆಯ ಮೂಲೆಯಲ್ಲಿ ನೇಜಿ ಹಾಕಿತ್ತು. ನೆನೆಸಿ ಮೊಳಕೆ ಬರಿಸಿದ ಬೀಜವನ್ನು ನುಣ್ಣಗೆ ಮಾಡಿದ ಕೆಸರಿನಲ್ಲಿ ಬಿತ್ತಿದ್ದು. ಎದ್ದು ಬಂದರೆ ಕಿತ್ತು ಇಡೀ ಗದ್ದೆಗೆ ನೆಡಬೇಕು. ಅದರ ಪಕ್ಕ ಗದ್ದೆಯ ಬದುವಾದ ಹುಣಿಯ ಮೇಲೆ ತುಕ್ರಪ್ಪನವರ ಹೆಂಡತಿ ಪೂವಮ್ಮ ಮಳೆಯಲ್ಲಿ ಕೂತಿರುತ್ತಿದ್ದರು. ಅವರ ಕೈಯಲ್ಲೂ ಒಂದು ಡಬ್ಬ. ಮೇಲೆ ಗಂಡ ಡಬ್ಬ ಬಡಿದು ನವಿಲು ಕರೆಯುವುದು, ಕೆಳಗೆ ಹೆಂಡತಿ ಡಬ್ಬ ಬಡಿದು ನವಿಲು ಓಡಿಸುವುದು.

ಓಡಿಸುವುದು ಎಂದರೆ ಸುಳ್ಳು. ಅವು ಓಡುವುದಿಲ್ಲ. ಪೂವಮ್ಮ ಬಡಿದಷ್ಟೂ ಹತ್ತಿರ ಬರುತ್ತವೆ. ಡಬ್ಬದ ಸದ್ದು ಎಂದರೆ ಊಟ ಎಂದು ಅವು ಕಲಿತುಬಿಟ್ಟಿವೆ.

"ಮೊದಲು ಡಬ್ಬ ಬಡಿದ್ರೆ ಆಚೆ ಗುಡ್ಡಕ್ಕೆ ಹಾರ್ತಿದ್ದವು," ಎನ್ನುತ್ತಾರೆ ಪೂವಮ್ಮ. "ಈಗ ನನ್ನ ಮುಖ ನೋಡ್ತಾ ನಿಲ್ತವೆ. ಎಂತ, ಇನ್ನೂ ಬಡಿಸಿಲ್ವಾ ಅಂತ ಕೇಳಿದ ಹಾಗೆ."

ಡಬ್ಬ ಬಿಟ್ಟು ಕೂಗಿ ನೋಡಿದ್ದಾರೆ, ಕಲ್ಲು ಬೀಸಿದ್ದಾರೆ. ಒಬ್ಬರು ಎಷ್ಟು ಕಡೆ ಓಡಲಿಕ್ಕಾಗುತ್ತದೆ? ಈ ಬದಿಯಿಂದ ಎಬ್ಬಿಸಿದರೆ ಆ ಬದಿಯಲ್ಲಿ ಇಳಿಯುತ್ತವೆ.

ತಮಾಷೆಯೆಂದರೆ, ಇದೆಲ್ಲ ಶುರುವಾದದ್ದು ಈ ನೇಜಿಯನ್ನು ಉಳಿಸಲಿಕ್ಕೇ. ನೇಜಿ ಹಾಕುವ ದಿನ ಮೊದಲ ಹಿಡಿ ಬೀಜವನ್ನು ಹುಣಿಯಾಚೆ ಹಕ್ಕಿಗಳ ಪಾಲೆಂದು ಎಸೆಯುವುದು ತುಕ್ರಪ್ಪನವರ ಮನೆಯ ಕ್ರಮ. ಅವರ ಅಪ್ಪ ಮಾಡುತ್ತಿದ್ದರು, ಅಜ್ಜ ಮಾಡುತ್ತಿದ್ದರು. ಆಗ ಬರುತ್ತಿದ್ದದ್ದು ಗುಬ್ಬಿ, ಪಾರಿವಾಳ. ನವಿಲು ಇಳಿಯಲಿಕ್ಕೆ ಶುರುವಾದ ಮೇಲೆ ಹುಣಿಯಾಚೆಯ ಒಂದು ಹಿಡಿ ಯಾವ ಮೂಲೆಗೂ ಸಾಲಲಿಲ್ಲ. ಪಾಲು ಕೊಡುವುದೇ ಆದರೆ ದೂರದಲ್ಲಿ ಕೊಟ್ಟರಾಯಿತು, ಮೇಲೆಯೇ ಹೊಟ್ಟೆ ತುಂಬಿದರೆ ಕೆಳಗೆ ಯಾಕೆ ಬರುತ್ತವೆ ಎಂದು ಯೋಚಿಸಿ ತುಕ್ರಪ್ಪ ಜೊಳ್ಳು ಬೆರೆತ ಭತ್ತವನ್ನು ಪದವಿಗೆ ಹೊತ್ತರು. ಡಬ್ಬದ ತಳಕ್ಕೆ ಅಂಟಿದ ಕಾಳು ಉದುರಲಿ ಎಂದು ಹಿಂಬದಿಗೆ ಬಡಿದರು. ಅಷ್ಟೇ ಅವರು ಮಾಡಿದ್ದು. ಆ ವರ್ಷ ನೇಜಿ ಉಳಿಯಿತು, ಗದ್ದೆ ಹಸಿರಾಯಿತು. ಪೂವಮ್ಮನೂ ಅವರ ಬುದ್ಧಿಯನ್ನು ಮೆಚ್ಚಿದರು.

ಅಲ್ಲಿಯವರೆಗೆ ಶೋಧನ್ ಧನಿಗಳ ರಬ್ಬರ್ ತೋಟದಲ್ಲಿ ತುಕ್ರಪ್ಪ ಟ್ಯಾಪಿಂಗ್, ಅಂದರೆ ಮರದ ಹಾಲು ಇಳಿಸುವ ಕೆಲಸ, ಮಾಡುತ್ತಿದ್ದರು. ಧನಿಗಳು ಆಗಷ್ಟೇ ಟ್ಯಾಪಿಂಗ್ ನಿಲ್ಲಿಸಿ ಹೊಸದಾಗಿ ಜೀಪು ಓಡಿಸಲಿಕ್ಕೆ ಶುರು ಮಾಡಿದ್ದರು. ಒಂದು ದಿನ ಪದವಿನ ಮೇಲೆ ತುಕ್ರಪ್ಪನ ಸುತ್ತ ನವಿಲುಗಳು ಮೇಯುವುದು ಅವರ ಕಣ್ಣಿಗೆ ಬಿತ್ತು. ಬೈಯಲಿಲ್ಲ. ಸಂಜೆ ಮನೆಯಂಗಳಕ್ಕೇ ಬಂದು, ಇದನ್ನು ದಿನಾ ಮಾಡು, ಭತ್ತ ನಾನು ಕೊಡುತ್ತೇನೆ, ಜೀಪು ಬರುವಾಗ ನೀನು ಮಾತ್ರ ಸ್ವಲ್ಪ ಮರೆಯಾಗಿರು ಎಂದರು. ಟ್ಯಾಪಿಂಗ್ ಹೋಗಿ ಕೈ ಖಾಲಿಯಾಗಿದ್ದ ಮನುಷ್ಯ ಬೇಡ ಎನ್ನುವುದು ಹೇಗೆ?

ಅಂದಿನಿಂದ ಮೇಲೆ ಬೀಳುವುದು ಜೊಳ್ಳಲ್ಲ, ಗಟ್ಟಿ ಕಾಳು. ಎಲ್ಲೆಲ್ಲಿಯದೋ ನವಿಲುಗಳು ಬಂದು ಇಲ್ಲೇ ಮೊಟ್ಟೆಯಿಟ್ಟು ಮರಿ ಮಾಡಿ ಬೆಳೆದವು. ಪದವು ಅವಕ್ಕೆ ಸಾಲದಾಯಿತು.

ತುಕ್ರಪ್ಪನವರ ಬೆಳಗು ನವಿಲಿನಲ್ಲಿ ಮುಗಿಯುವುದಿಲ್ಲ. ಜೀಪು ಗುಹೆಯ ಕಡೆ ತಿರುಗುವುದರೊಳಗೆ ಅವರು ಅಡ್ಡದಾರಿಯಲ್ಲಿ ಅಲ್ಲಿಗೆ ಮುಟ್ಟಬೇಕು. ಮುರಕಲ್ಲನ್ನು ಗುಂಡಗೆ ಕೊರೆದ ಆ ಗುಹೆಯೊಳಗೆ ಹಾವು ಗೀವು ಇದೆಯೋ ನೋಡಬೇಕು, ಬಿದ್ದ ತರಗೆಲೆ ಗುಡಿಸಬೇಕು, ಮತ್ತೆ ಮಾಯವಾಗಬೇಕು. ಕಳೆದ ವಾರ ಮಂಡಿ ಹಿಡಿದುಕೊಂಡು, ಹೊರಗೆ ಬರುವುದರೊಳಗೆ ಜೀಪು ಬಂದುಬಿಟ್ಟಿತು. ಗುಹೆಯ ಬಾಯಿಂದ ತಲೆ ಹೊರಹಾಕಿದ ಮುದುಕನನ್ನು ಕಂಡು ಪ್ರವಾಸಿಗರು ಹೌಹಾರಿದರು. ತರುಣ್ ಚುರುಕಿನ ಹುಡುಗ, ಗಾಬರಿಯಾಗಲಿಲ್ಲ. ಈ ಗುಹೆಯನ್ನು ಕೊರೆದವರ ಸಂತತಿ ಇವರು, ಇಂದಿಗೂ ಇದನ್ನು ಕಾಯುತ್ತಿದ್ದಾರೆ ಎಂದುಬಿಟ್ಟ. ಎಲ್ಲರೂ ಸಾಲಾಗಿ ನಿಂತು ತುಕ್ರಪ್ಪನವರ ಜೊತೆ ಫೋಟೋ ತೆಗೆಸಿಕೊಂಡರು. ಒಬ್ಬರು ಡಬ್ಬವನ್ನು ತೋರಿಸಿ ಇದು ಯಾವ ವಾದ್ಯ ಎಂದು ಕೇಳಿದರಂತೆ.

ಸಿಟ್ಟು ಬರಲಿಲ್ಲವೇ ಎಂದರೆ ತುಕ್ರಪ್ಪ ನಗುತ್ತಾರೆ. "ಸಿಟ್ಟು ಎಂತಕ್ಕೆ? ಅಷ್ಟು ಹೊತ್ತು ನಿಂತುಕೊಳ್ಳಲಿಕ್ಕೆ ಸಿಕ್ಕಿತಲ್ಲ. ಬಂಡೆಯ ಹಿಂದೆ ಆದ್ರೆ ಕೂತೇ ಇರ್ಬೇಕು."

ಅವರಿಗೆ ಬಾರದ ಸಿಟ್ಟು ಊರಿಗೆ ಬಂದಿದೆ. ಆದರೆ ಅದು ಜೀಪಿನ ಮೇಲಲ್ಲ, ತುಕ್ರಪ್ಪನ ಮೇಲೆ. ಕಣಿವೆಯಲ್ಲಿ ಇನ್ನೂ ಬೇಸಾಯ ಬಿಡದವರು ಬೆರಳೆಣಿಕೆಯ ಮಂದಿ. ಗದ್ದೆಯ ಪಕ್ಕ ಹರಿಯುವ ತೋಡಿನಾಚೆಯ ಡೊಂಬಯ್ಯ ಅವರಲ್ಲೊಬ್ಬರು. ನೇಜಿ ಏಳುವವರೆಗೆ ಅವರ ಮನೆಯ ಐದಾರು ಮಂದಿ ಸರದಿಯಲ್ಲಿ ಗದ್ದೆ ಕಾಯುತ್ತಾರೆ. ಅವರ ಗದ್ದೆಯಲ್ಲೂ ಈಗ ಡಬ್ಬಕ್ಕೆ ನವಿಲು ಹೆದರುವುದಿಲ್ಲ. ದಾರಿಯಲ್ಲಿ ತುಕ್ರಪ್ಪ ಸಿಕ್ಕಿದರೆ ಡೊಂಬಯ್ಯ ಬಿಡುವುದಿಲ್ಲ.

"ಹೋಯ್ ತುಕ್ರಪ್ಪ ಮಾಸ್ಟ್ರೇ, ನಿಮ್ಮ ಶಾಲೆಯ ಮಕ್ಕಳು ನಿನ್ನೆ ನಮ್ಮಲ್ಲಿಗೆ ಬಂದಿದ್ರು. ಬೆಲ್ ಹೊಡ್ದ ಕೂಡ್ಲೆ ಸಾಲಾಗಿ ಬಂದ್ರು ಮಾರಾಯ್ರೆ. ಒಳ್ಳೆ ಶಿಸ್ತು ಕಲಿಸಿದ್ದೀರಿ."

ತುಕ್ರಪ್ಪ ತಲೆ ತಗ್ಗಿಸಿ ಮುಂದೆ ಹೋಗುತ್ತಾರೆ. ಇದೇ ಮಾತನ್ನು ಧನಿಗಳ ಎದುರು ಆಡಿದ್ದೀರಾ ಎಂದರೆ ಡೊಂಬಯ್ಯ ಮಳೆಯ ಸುದ್ದಿ ತೆಗೆಯುತ್ತಾರೆ. ಅವರ ತೋಟಕ್ಕೆ ಹೋಗುವ ದಾರಿ ಧನಿಗಳ ಜಾಗದಲ್ಲೇ ಇರುವುದು.

ಈ ಮುಂಗಾರಿನಲ್ಲಿ ಪೂವಮ್ಮ ಹಾಕಿದ ಮೊದಲ ನೇಜಿಯನ್ನು ನವಿಲುಗಳು ಮೊಳಕೆ ಸಮೇತ ಹೆಕ್ಕಿ ತಿಂದವು. ಅಂದು ಅಂಗಳದಲ್ಲಿ ಗಂಡ ಹೆಂಡತಿಗೆ ದೊಡ್ಡ ಜಗಳವಾಯಿತು. ಮೇಲೆ ಕಾಳು ಹಾಕುವುದನ್ನು ನಿಲ್ಲಿಸುವವರೆಗೆ ತಾನು ಇನ್ನು ಬೀಜ ನೆನೆಸುವುದಿಲ್ಲ ಎಂದು ಪೂವಮ್ಮ ಕಡ್ಡಿ ಮುರಿದ ಹಾಗೆ ಹೇಳಿದರು. ತುಕ್ರಪ್ಪ ನಿಲ್ಲಿಸಿದರು. ಜ್ವರ ಎಂದು ಸುಳ್ಳು ಹೇಳಿ ಕೆಲವು ದಿನ ಪದವು ಹತ್ತಲಿಲ್ಲ. ಪೂವಮ್ಮ ಮತ್ತೆ ಬಿತ್ತಿದರು. ಮೇಲೆ ಜೀಪು ಬಂದು ಬರೀ ಕಲ್ಲು ನೋಡಿ ವಾಪಸಾಯಿತು. ಮೇಲೆ ಏನೂ ಸಿಗದ ನವಿಲುಗಳೆಲ್ಲ ಒಟ್ಟಾಗಿ ಗದ್ದೆಗೆ ಇಳಿದವು.

ಹಾಕಿದರೆ ಸಂತಾನ ಬೆಳೆಯುತ್ತದೆ, ಹಾಕದಿದ್ದರೆ ಹಸಿದು ಕೆಳಗೆ ಬರುತ್ತವೆ. ತುಕ್ರಪ್ಪ ಮರುದಿನವೇ ಡಬ್ಬ ಹಿಡಿದು ಗುಡ್ಡ ಹತ್ತಿದರು. ಜ್ವರ ಬಿಟ್ಟಿತಾ ಎಂದು ಧನಿಗಳು ಕಾಳಜಿಯಿಂದಲೇ ಕೇಳಿದರಂತೆ.

ಉಳಿದಷ್ಟು ಮೊಳಕೆಯನ್ನಾದರೂ ಕಾಪಾಡಲು ಪೂವಮ್ಮ ಮೀನಿನ ಹಳೇ ಬಲೆ ತರಿಸಿ ನೇಜಿಯ ಮೇಲೆ ಕಟ್ಟಿದರು. ಎರಡು ದಿನ ಚೆನ್ನಾಗಿತ್ತು. ಮೂರನೇ ದಿನ ಒಂದು ಹೆಣ್ಣು ನವಿಲಿನ ಕಾಲು ಬಲೆಗೆ ಸಿಕ್ಕಿಕೊಂಡಿತು. ಅದು ಒದ್ದಾಡಿದ ಹಾಗೆ ಬಲೆ ಇನ್ನೂ ಬಿಗಿಯಾಗಿ ಕಾಲಿನಲ್ಲಿ ರಕ್ತ ಬಂತು. ನವಿಲು ಸತ್ತರೆ ಕೇಸು, ಜೈಲು ಎಂದು ಯಾರೋ ರಸ್ತೆಯಿಂದಲೇ ಕೂಗಿದರು. ಪೂವಮ್ಮ ಕತ್ತಿ ಹಿಡಿದು ಕೆಸರಿಗೆ ಇಳಿದರು. ಹಕ್ಕಿಯ ಕಾಲಿಗೆ ತಾಗದ ಹಾಗೆ ಬಲೆಯನ್ನು ಒಂದೊಂದೇ ಕಣ್ಣು ಕೊಯ್ದರು. ಅದು ಕೊಕ್ಕಿನಿಂದ ಅವರ ಮೊಣಕೈಯನ್ನು ಕುಕ್ಕಿತು. ಬಿಟ್ಟ ಮೇಲೆ ಹಾರಲಿಲ್ಲ, ಅಲ್ಲೇ ಪಕ್ಕದಲ್ಲಿ ನಿಂತು ಮೊಳಕೆ ಹೆಕ್ಕತೊಡಗಿತು.

"ನಾನು ನೋಡ್ತಾ ನಿಂತೆ," ಎನ್ನುತ್ತಾರೆ ಪೂವಮ್ಮ. "ಕೇಸು ಅಂತ ಹೆದರಿ ಬಿಟ್ಟದ್ದಲ್ಲ. ಸಾಯುವುದನ್ನು ನೋಡ್ಲಿಕ್ಕೆ ಆಗುವುದಿಲ್ಲ. ಆದ್ರೆ ಅದಕ್ಕೆ ಸ್ವಲ್ಪ ನಾಚಿಕೆ ಬೇಡ್ವಾ?"

ಬೀಜ ಮುಗಿಯಿತು, ಹೊತ್ತೂ ಮೀರಿತು. ಗದ್ದೆ ಬರೀ ಕೆಸರಾಗಿ ನಿಂತಿತು. ಆಗ ಶೋಧನ್ ಧನಿಗಳು ಎರಡನೇ ಸಲ ಅಂಗಳಕ್ಕೆ ಬಂದರು. ಕುರ್ಚಿ ಕೊಟ್ಟರೂ ಕೂರಲಿಲ್ಲ. ಗದ್ದೆ ಖಾಲಿ ಬಿಡುವುದು ಯಾಕೆ, ಈಗ ಕೆಸರುಗದ್ದೆ ಆಟಕ್ಕೆ ಎಲ್ಲರೂ ಕೇಳುತ್ತಾರೆ, ಜೀಪಿನವರು ಗುಹೆ ನೋಡಿ ಇಳಿಯುವ ದಾರಿಯಲ್ಲೇ ಇದೆಯಲ್ಲ, ಹಗ್ಗ ಎಳೆಯುತ್ತಾರೆ, ಓಡುತ್ತಾರೆ, ಬೀಳುತ್ತಾರೆ, ನಿಮಗೂ ಏನಾದರೂ ದುಡ್ಡಾಗುತ್ತದೆ ಎಂದರು. ಬಡವನ ಗದ್ದೆ ಹಾಳಾಗಲು ಕಾರಣವಾದ ವ್ಯಾಪಾರವೇ ಹಾಳಾದ ಗದ್ದೆಗೂ ಗಿರಾಕಿಯಾಗಿ ಬಂದು ನಿಂತಿತ್ತು. ಇದನ್ನು ಅನ್ಯಾಯ ಎಂದು ಕರೆಯಲಿಕ್ಕೆ ಯಾವ ಕಚೇರಿಯಲ್ಲೂ ಒಂದು ಕಲಂ ಇರಲಾರದು.

ಅದಕ್ಕೆ ಮಾತಾಡಿದ್ದು ಪೂವಮ್ಮ.

"ಒಂದು ಮೂಲೆ ಬಿಡಿ ಧನಿಗಳೇ. ಒಂದು ಹಿಡಿ ನೇಜಿ ಯಾರಲ್ಲಾದರೂ ಕೇಳಿ ನೆಡ್ತೇನೆ. ತೆನೆ ಕಟ್ಟುವ ಹಬ್ಬಕ್ಕೆ ಬೇಕಲ್ಲ."

ಹೊಸ ಬೆಳೆಯ ನಾಲ್ಕು ತೆನೆಯನ್ನು ಮುಂಜಾನೆ ಗದ್ದೆಯಿಂದ ಕೊಯ್ದು ತಂದು, ಮನೆಯ ಕಂಬಕ್ಕೆ, ನೊಗಕ್ಕೆ, ಅನ್ನದ ಪಾತ್ರೆಗೆ ಕಟ್ಟದೆ ಆ ಮನೆಯಲ್ಲಿ ಹೊಸ ಅಕ್ಕಿ ಉಂಡದ್ದಿಲ್ಲ. ತೆನೆಗೆ ಬೇರೆಯವರ ಗದ್ದೆಗೆ ಹೋದದ್ದೂ ಇಲ್ಲ.

ಧನಿಗಳು ನಕ್ಕರು. ಕೆಟ್ಟ ನಗುವಲ್ಲ. "ಆಟ ಆಡುವವರು ಮೂಲೆ ನೋಡಿ ಬೀಳ್ತಾರಾ ಮಾರಾಯ್ತಿ? ಎಲ್ಲ ತುಳಿದು ಹೋಗ್ತದೆ. ತೆನೆ ನಮ್ಮಲ್ಲಿಗೆ ಬೆಳ್ತಂಗಡಿಯಿಂದ ತರಿಸ್ತೇವೆ. ಅದರಲ್ಲೇ ಒಂದು ಕಟ್ಟು ನೀನೂ ತೆಗೊಂಡು ಹೋಗು."

ಪೂವಮ್ಮ ಆಗಲಿ ಎಂದು ಒಳಗೆ ಹೋದರು. ಹೀಗೆ ಗದ್ದೆ ಧನಿಗಳಿಗೆ ಸಿಕ್ಕಿತು. ಈ ವಾರದಿಂದ ಅದರಲ್ಲಿ ಹಗ್ಗಜಗ್ಗಾಟ ನಡೆಯುತ್ತಿದೆ. ಹುಣಿಯ ಮೇಲೆ ಈಗ ಪ್ಲಾಸ್ಟಿಕ್ ಕುರ್ಚಿಗಳಿವೆ. ಗೆದ್ದವರು ಕೆಸರಿನಲ್ಲಿ ಹೊರಳಾಡಿ, ಇದು ನಮ್ಮ ಮಣ್ಣು, ನಮ್ಮ ಸಂಸ್ಕೃತಿ ಎಂದು ವಿಡಿಯೋ ಮಾಡುತ್ತಾರೆ. ಅವರು ಕಾಲು ತೊಳೆಯಲು ನೀರು ಸೇದಿಡುವುದು ಪೂವಮ್ಮ.

ತುಕ್ರಪ್ಪ ಎಂದಿನಂತೆ ಬೆಳಕು ಹರಿಯುವ ಮೊದಲು ಪದವಿನ ಮೇಲಿರುತ್ತಾರೆ. ಜೀಪು ಇಳಿದು ಹೋದ ಮೇಲೆ ಬಂಡೆಗೆ ಒರಗಿ ಒಂದು ವೀಳ್ಯ ಹಾಕುತ್ತಾರೆ. ಧನಿಗಳಲ್ಲಿ ಏನಾದರೂ ಕೇಳುವುದಿದೆಯೇ ಎಂದರೆ ವೀಳ್ಯದ ರಸವನ್ನು ಪೊದೆಯ ಕಡೆ ಉಗಿಯುತ್ತಾರೆ. ಮಂಡಿಗೆ ಮದ್ದು ಕೇಳಬಹುದು, ಕೂರಲು ಒಂದು ಮಣೆ ಕೇಳಬಹುದು. ಅವರು ಅದು ಯಾವುದನ್ನೂ ಹೇಳುವುದಿಲ್ಲ.

"ಒಂದು ಬೆಳಿಗ್ಗೆ ರಜೆ ಬೇಕು," ಎನ್ನುತ್ತಾರೆ. "ತೆನೆ ಕಟ್ಟುವ ದಿನ. ಬೆಳ್ತಂಗಡಿಯ ಕಟ್ಟು ನಮ್ಮ ಕಂಬಕ್ಕೆ ಬೇಡ. ಡೊಂಬಯ್ಯನ ಗದ್ದೆಗೆ ಹೋಗಿ ನಾಲ್ಕು ತೆನೆ ಕೇಳ್ತೇನೆ. ಅವನು ಬೈತಾನೆ, ಬೈಲಿ. ಮನೆಯವಳು ತಾನೇ ಹೋಗ್ತೇನೆ ಅಂತ ಹೊರಟಿದ್ದಾಳೆ. ಬೈಗುಳ ತಿನ್ನಲಿಕ್ಕೆ ಅವಳನ್ನು ಕಳಿಸುವುದಿಲ್ಲ ನಾನು."