ಅಮ್ಮನ ಮಧ್ಯಾಹ್ನದ ಗೆಳತಿ

ಕಡಬ ಪೇಟೆಯಲ್ಲಿ ನನ್ನದೊಂದು ಟೈಲರ್ ಅಂಗಡಿ ಇದೆ. ಕೆಳಗೆ ಅಂಗಡಿ, ಮೇಲೆ ನಾನೂ ಅಮ್ಮನೂ ಇರುವ ಎರಡು ಕೋಣೆ. ಮೊದಲೆಲ್ಲ ಹೆಂಗಸರು ಅಳತೆಗೆ ಹಳೆಯ ರವಿಕೆ ತರುತ್ತಿದ್ದರು. ಈಗ ಫೋನು ತರುತ್ತಾರೆ. ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ, ಯಾವುದೋ ಊರಿನ ಯಾವುದೋ ಮದುಮಗಳ ಬೆನ್ನು ತೋರಿಸಿ, "ನನಗೂ ಹೀಗೇ ಬರ್ಬೇಕು" ಎನ್ನುತ್ತಾರೆ. ಹೊಲಿದದ್ದನ್ನೆಲ್ಲ ಫೋಟೊ ತೆಗೆದು ಇಂಟರ್ನೆಟ್ಟಿಗೆ ಹಾಕುವುದನ್ನು ನಾನೂ ಕಲಿತೆ. ಹಾಗೆ ಹಾಕುತ್ತ ಹಾಕುತ್ತ ಒಂದು ದಿನ ಅಮ್ಮನನ್ನೂ ಹಾಕಿಬಿಟ್ಟೆ.

ಅಂದು ಅಮ್ಮ ಅಂಗಡಿಯ ಮೂಲೆಯಲ್ಲಿ ಕುಳಿತು ಚಾಪೆ ಹೆಣೆಯುತ್ತಿದ್ದಳು. ನೀರು ಹರಿಯುವ ತೋಡಿನ ಬದಿಯಲ್ಲಿ ಕೇದಗೆಯಂತೆ ಬೆಳೆಯುವ ಮುಂಡೇವಿನ ಓಲೆಯನ್ನು ಮುಳ್ಳು ತೆಗೆದು, ಬಾಡಿಸಿ, ಸೀಳಿ ಹೆಣೆಯುವ ಚಾಪೆ ಅದು. ಅಂಚು ಮಡಿಸುವಾಗ ಅಮ್ಮನ ನಾಲಿಗೆಯ ತುದಿ ತಾನಾಗಿಯೇ ಹೊರಗೆ ಬರುತ್ತದೆ. ನನಗದು ಚಂದ ಕಂಡಿತು. ಒಂದು ನಿಮಿಷದ ವಿಡಿಯೋ ಮಾಡಿ ಹಾಕಿದೆ. ಎರಡು ದಿನ ಬಿಟ್ಟು ನೋಡಿದರೆ ಅದರ ಕೆಳಗೆ, ಹೆಸರಿನ ಪಕ್ಕ ಗುಲಾಬಿ ಹೂವಿನ ಚಿತ್ರವಿದ್ದ ಯಾರೋ ಒಂದು ಸಾಲು ಬರೆದಿದ್ದರು: "ನಾಲಿಗೆ ಒಳಗೆ ಹಾಕು ಮಾರಾಯ್ತಿ, ಓಲೆ ಕೊಯ್ದೀತು."

ನಾನು ನಗುತ್ತ ಓದಿ ಹೇಳಿದೆ. ಅಮ್ಮ ನಗಲಿಲ್ಲ.

"ಇನ್ನೊಮ್ಮೆ ಓದು" ಎಂದಳು. ಓದಿದೆ. ಮೂರನೆಯ ಸಲವೂ ಓದಿಸಿದಳು. ಆಮೇಲೆ, "ಅವಳು ಬದುಕಿದ್ದಾಳೆ" ಎಂದಳು.

ಅಮ್ಮ ಹುಟ್ಟಿ ಬೆಳೆದದ್ದು ಮರ್ಕಂಜದಲ್ಲಿ. ಅಮ್ಮನ ಮನೆಯಲ್ಲಿ ಅರೆಭಾಷೆ, ಪಕ್ಕದ ಮನೆಯಲ್ಲಿ ತುಳು. ಆ ಪಕ್ಕದ ಮನೆಯ ಹುಡುಗಿಯೂ ಅಮ್ಮನೂ ಒಟ್ಟಿಗೆ ದನ ಮೇಯಿಸಿ, ಒಟ್ಟಿಗೆ ಓಲೆ ಕೊಯ್ದು, ಒಂದೇ ಅಜ್ಜಿಯಿಂದ ಚಾಪೆ ಹೆಣೆಯುವುದನ್ನು ಕಲಿತವರು. ಅಮ್ಮ ಅಂಚು ಮಡಿಸುವಾಗಲೆಲ್ಲ ಆಕೆ ಹೇಳುತ್ತಿದ್ದ ಮಾತೇ ಅದಂತೆ. ಆಕೆಯನ್ನು ಘಟ್ಟದ ಮೇಲೆ ಸಕಲೇಶಪುರದ ಕಡೆಗೆ ಮದುವೆ ಮಾಡಿ ಕೊಟ್ಟರು. ಅಮ್ಮನ ಮದುವೆಯೂ ಆಯಿತು. ಯಾರ ಬಳಿಯೂ ವಿಳಾಸ ಇರಲಿಲ್ಲ. ಐವತ್ತು ವರ್ಷ ಹಾಗೇ ಕಳೆದುಹೋಗಿತ್ತು.

ಗುಲಾಬಿಯ ಚಿತ್ರ ಆಕೆಯ ಸೊಸೆಯದು; ವಿಡಿಯೋ ನೋಡಿ ಅತ್ತೆ ಹೇಳಿದ್ದನ್ನು ಸೊಸೆ ಹಾಗೇ ಬರೆದಿದ್ದಳು. ಸೊಸೆಗೆ ನಾನು ಬರೆದೆ, ಸೊಸೆ ನಂಬರ್ ಕೊಟ್ಟಳು. ಮರುದಿನ ಊಟವಾದ ಮೇಲೆ ಫೋನನ್ನು ನೂಲಿನ ಡಬ್ಬಕ್ಕೆ ಒರಗಿಸಿಟ್ಟೆ. ಪರದೆ ತುಂಬ ಒಂದು ಮುಖ ಮೂಡಿತು. ಬೆಳ್ಳಗಿನ ಕೂದಲು, ಮೂಗಿನಲ್ಲಿ ಕೆಂಪು ಹರಳು.

"ನಿನಗೆ ಹಲ್ಲು ಉಂಟಾ?" ಎಂದು ಅತ್ತ ಕಡೆಯಿಂದ ಪ್ರಶ್ನೆ ಬಂತು.

"ಎಂತ?" ಎಂದಳು ಅಮ್ಮ.

"ಹಲ್ಲು, ಹಲ್ಲು!" ಎಂದು ಆಕೆ ತನ್ನ ಬೊಚ್ಚುಬಾಯಿ ತೆರೆದು ತೋರಿಸಿದಳು. ಅಮ್ಮನೂ ತೆರೆದು ತೋರಿಸಿದಳು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಆಮೇಲಿನ ಮಧ್ಯಾಹ್ನಗಳು ಈಗ ನೆನಪಿಸಿಕೊಂಡರೆ ಒಂದೇ ಉದ್ದದ ಮಧ್ಯಾಹ್ನದಂತೆ ತೋರುತ್ತವೆ. ದಿನವೂ ಅದೇ ಹೊತ್ತಿಗೆ ಆ ಮುಖ ಬರುತ್ತಿತ್ತು. ಮೊದಮೊದಲು ಮಾತಾಡಿದರು. ಬರಬರುತ್ತ ಮಾತು ಕಡಿಮೆಯಾಗಿ, ಇಬ್ಬರೂ ಸುಮ್ಮನೆ ಎದುರುಬದುರು ಕುಳಿತಿರುತ್ತಿದ್ದರು. ಅಮ್ಮ ಓಲೆ ಸೀಳುವಳು, ಆಕೆ ಕಾಫಿಬೀಜ ಆರಿಸುವಳು. ಅಲ್ಲಿಯ ಮಂಜು ಕಿಟಕಿಯೊಳಗೆ ಬಂದು ಆಕೆಯ ಮುಖ ಮಸುಕಾಗುತ್ತಿತ್ತು. ನೆಟ್‌ವರ್ಕ್ ಹೋಗಿ ಮಸುಕಾಯಿತೋ ಮಂಜಿನಿಂದಲೋ ನನಗೆ ತಿಳಿಯುತ್ತಿರಲಿಲ್ಲ. ನಮ್ಮ ಬೀದಿಯಲ್ಲಿ ಬಿಸಿಲು ಸುಡುತ್ತಿರುವಾಗ ಡಬ್ಬದ ಮುಂದಿನ ಆ ಪುಟ್ಟ ಚೌಕದಲ್ಲಿ ಸಣ್ಣಗೆ ಮಳೆ ಸುರಿಯುತ್ತಿತ್ತು. ನನ್ನ ಮಿಷನ್ನಿನ ಸದ್ದು ಘಟ್ಟ ಹತ್ತಿ ಅವರ ಅಡುಗೆಮನೆಗೆ ಹೋಗುತ್ತಿತ್ತು. ಅವರ ಹುಂಜ ನಮ್ಮ ಅಂಗಡಿಯಲ್ಲಿ ಕೂಗುತ್ತಿತ್ತು.

ಬಂದ ಗಿರಾಕಿಗಳಿಗೂ ಆ ಮುಖ ಅಭ್ಯಾಸವಾಯಿತು. "ನಿಮ್ಮ ಫೋನಿನ ಅಜ್ಜಿ ನಿದ್ರೆ ಮಾಡುದಾ?" ಎಂದು ಪಿಸುಗುಟ್ಟುತ್ತಿದ್ದರು. ಒಬ್ಬಳಂತೂ ರವಿಕೆಯ ಬಟ್ಟೆಯನ್ನು ಪರದೆಯ ಮುಂದೆ ಹಿಡಿದು, "ಇದಕ್ಕೆ ಹಸಿರು ಅಂಚು ಆಗ್ತದಾ ಅಜ್ಜಿ?" ಎಂದು ಕೇಳಿಯೇ ಹೊಲಿಯಲು ಕೊಟ್ಟಳು.

ಒಂದು ದಿನ ಆಕೆ ಹೇಳಿದಳು: "ನಾನು ರೈಲಲ್ಲಿ ಬರ್ತೇನೆ. ನೆಟ್ಟಣಕ್ಕೆ ಬಾ."

ಹಗಲಿನ ರೈಲು. ಅಮ್ಮ ಬೆಳಗ್ಗೆಯೇ ತಲೆ ಬಾಚಿ ಕುಳಿತಿದ್ದಳು. ನಾವು ಜೀಪು ಮಾಡಿಕೊಂಡು ನೆಟ್ಟಣ ಸ್ಟೇಷನ್ನಿಗೆ ಹೋದಾಗ ಸುಬ್ರಹ್ಮಣ್ಯಕ್ಕೆ ಹೊರಟವರ ಚೀಲಗಳ ನಡುವೆ ಒಂದೇ ಒಂದು ಬೆಂಚು ಖಾಲಿಯಿತ್ತು. ಸುರಂಗಗಳನ್ನು ದಾಟಿ ಬಂದ ರೈಲು ತಣ್ಣಗಿನ ಗಾಳಿಯನ್ನೂ ಜೊತೆಗೆ ತಂದಂತೆ ನಿಂತಿತು. ಬಾಗಿಲಲ್ಲಿ ಮೊದಲು ಸೊಸೆ ಇಳಿದಳು. ಆಮೇಲೆ ನಾಲ್ಕು ಕಾಲಿನ ಒಂದು ಊರುಗೋಲು. ಅದರ ಹಿಂದೆ, ಇಬ್ಬರು ಅಪರಿಚಿತರ ತೋಳು ಹಿಡಿದು, ಮೂಗಿನ ಕೆಂಪು ಹರಳು.

ಮೂರು ವರ್ಷದ ಹಿಂದೆ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದದ್ದಂತೆ. ಒಂದು ಕಾಲು ಗಿಡ್ಡವಾಗಿತ್ತು. ಅಷ್ಟು ತಿಂಗಳು ದಿನವೂ ನೋಡಿದ ನಮಗೆ ಅದು ಗೊತ್ತೇ ಇರಲಿಲ್ಲ. ನಾವು ನೋಡಿದ್ದು ಮುಖವನ್ನು ಮಾತ್ರ.

ಅಮ್ಮ ತಬ್ಬಿಕೊಳ್ಳಲಿಲ್ಲ. ಬೆಂಚಿನಲ್ಲಿ ಆಕೆಯನ್ನು ಕೂರಿಸಿ, ಬಗ್ಗಿ ಆ ಕಾಲನ್ನು ಮುಟ್ಟಿದಳು. ಪಾದದಿಂದ ಮೊಣಕಾಲಿನವರೆಗೆ ಸವರಿದಳು.

"ಇಷ್ಟು ದಿನ ಒಂದು ಮಾತು ಹೇಳ್ಲಿಲ್ಲ ನೀನು" ಎಂದಾಗ ಅಮ್ಮನ ಧ್ವನಿಯಲ್ಲಿ ಸಿಟ್ಟಿತ್ತು.

"ಫೋನಲ್ಲಿ ಕಾಲು ಯಾರು ತೋರಿಸ್ತಾರೆ ಮಾರಾಯ್ತಿ? ಅದರೊಳಗೆ ನಾನು ಸರಿ ಇದ್ದೆ. ಅಷ್ಟು ಹೊತ್ತಾದ್ರೂ ಸರಿ ಇರ್ತೇನೆ ಅಂತ ಅನಿಸ್ತಿತ್ತು."

ಅಮ್ಮ ಆಕೆಯ ಬಾಯಿಯನ್ನೇ ನೋಡುತ್ತ ಹೇಳಿದಳು: "ನನಗೂ ನೀನು ಹೇಳಿದ್ದು ಅರ್ಧ ಕೇಳುದಿಲ್ಲ. ಬಾಯಿ ನೋಡಿ ಹೂಂ ಅಂತೇನೆ. ಕಿವಿ ಹೋಗಿ ಎಷ್ಟೋ ಸಮಯ ಆಯ್ತು."

ಗೆಳತಿ ನಕ್ಕಳು. ನನಗೆ ನಗು ಬರಲಿಲ್ಲ. ಅಮ್ಮನಿಂದ ಒಂದು ಮೊಳ ದೂರದಲ್ಲಿ ಕುಳಿತು ದಿನವೂ ಹೊಲಿಯುವವಳು ನಾನು. ಕರೆದರೆ ತಿರುಗದಿದ್ದಾಗಲೆಲ್ಲ ಮಿಷನ್ನಿನ ಸದ್ದೆಂದು ತಿಳಿದಿದ್ದೆ. ನಿಜ ಹೇಳಬೇಕೆಂದರೆ ಹೆಚ್ಚು ಕರೆದೂ ಇರಲಿಲ್ಲ. ಪೆಡಲ್ ತುಳಿಯದ ಹೊತ್ತಿನಲ್ಲಿ ನನ್ನ ಕಣ್ಣೂ ನನ್ನ ಫೋನಿನಲ್ಲೇ ಇರುತ್ತಿತ್ತು. ಯಾರು ಯಾವ ರವಿಕೆಗೆ ಏನು ಬರೆದರೆಂದು ನೋಡುತ್ತಿದ್ದೆ. ಅಂದು ಆ ಪ್ಲಾಟ್‌ಫಾರ್ಮಿನಲ್ಲಿ ನಿಂತು ನನಗೆ ನಾಚಿಕೆಯಾಯಿತು.

ಆಕೆ ನಮ್ಮಲ್ಲಿ ನಾಲ್ಕು ದಿನ ಇದ್ದಳು. ಮಹಡಿಯ ಮೆಟ್ಟಿಲು ಆಗದೆಂದು ಅಂಗಡಿಯಲ್ಲೇ ಮಂಚ ಹಾಕಿದೆ. ಎದುರಿಗೇ ಸಿಕ್ಕಿದ ಮೇಲೆ ಇಬ್ಬರೂ ಒಂದು ದಿನ ನಾಚಿಕೊಂಡವರಂತೆ ಇದ್ದರು. ಮರುದಿನ ಅಮ್ಮ ಆಕೆಯ ತಲೆಗೆ ಎಣ್ಣೆ ಹಚ್ಚಿದಳು. ಆಮೇಲೆ ನಾಚಿಕೆ ಬಿಟ್ಟಿತು. ಎಣ್ಣೆ ಇಳಿದ ಬೆಳ್ಳಗಿನ ಕೂದಲನ್ನು ಅಮ್ಮ ಬೆರಳಲ್ಲಿ ಬಿಡಿಸುತ್ತಿದ್ದರೆ, ಆಕೆ ಕಣ್ಣು ಮುಚ್ಚಿ ಮರ್ಕಂಜದ ಹಳೆಯ ದನಗಳ ಹೆಸರು ಒಂದೊಂದಾಗಿ ಹೇಳುತ್ತಿದ್ದಳು. ಅಮ್ಮನಿಗೆ ಕೇಳಲೆಂದು ಗಟ್ಟಿಯಾಗಿ, ಬೀದಿಗೆಲ್ಲ ಕೇಳುವಂತೆ.

ಆಕೆ ಹೋದ ವಾರದಲ್ಲೇ ಅಮ್ಮನನ್ನು ಪುತ್ತೂರಿಗೆ ಕರೆದುಕೊಂಡು ಹೋಗಿ ಕಿವಿಗೆ ಯಂತ್ರ ಹಾಕಿಸಿದೆ. ಮೊದಲ ಎರಡು ದಿನ, "ಲೋಕ ಇಷ್ಟು ಗಲಾಟೆ ಮಾಡ್ತದಾ?" ಎಂದು ತೆಗೆದು ತೆಗೆದು ಇಟ್ಟಳು. ಮೂರನೆಯ ಮಧ್ಯಾಹ್ನ ಕರೆ ಬಂದಾಗ ತಾನಾಗಿಯೇ ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಅಲ್ಲಿ ಆಕೆ ಕುಳಿತಲ್ಲೇ ನಿದ್ದೆ ಹೋದಳು. ಅಮ್ಮ ನನ್ನ ಕಡೆ ತಿರುಗಿ, ಕಣ್ಣರಳಿಸಿ, ಬೆರಳಿನಿಂದ ಫೋನು ತೋರಿಸಿದಳು.

"ಗೊರಕೆ!" ಎಂದಳು. "ಇವಳು ಗೊರಕೆ ಹೊಡೀತಾಳೆ!"

ನಾನು ಮಿಷನ್ ನಿಲ್ಲಿಸಿದೆ. ಇಬ್ಬರೂ ಕೂತು ಕೇಳಿದೆವು.